ತಪ್ಪು ಯಾರ ಕಿವಿಯದು?

2024ರ ದಸರಾ ರಜೆಗೆ ಮೊಮ್ಮಗ ಜೇವರ್ಗಿಯಿಂದ ಆಳಂದಕ್ಕೆ ಬಂದ. ಹೆಗಲಲ್ಲಿ ಬಟ್ಟೆಯ ಚೀಲ ಮಾತ್ರ ಇತ್ತು. ಬೇಸಿಗೆ ರಜೆಯಲ್ಲಿ ಬಂದಾಗ ಅದರ ಜೊತೆಗೆ ಅವನಷ್ಟೇ ಉದ್ದದ ಇನ್ನೊಂದು ಕರಿ ಚೀಲ ಇತ್ತು. ಅದರೊಳಗೆ ಮಾರ್ಚ್ ತಿಂಗಳಲ್ಲಿ ಆನ್‌ಲೈನಿನಲ್ಲಿ ತರಿಸಿದ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು.

“ಎಲ್ಲಿ ಅದಪಾ ನಿನ್ನ ಗಿಟಾರು?” ಅಂದೆ.

“ಬಿಟ್ಟೀನಿ ಮುತ್ಯಾ. ನನಗ ಸ್ವರ ಹತ್ತೂದಿಲ್ಲ. ನನ್ನ ಕಿವೀನೇ ಸರಿ ಇಲ್ಲ” ಎಂದ. ಎಂಟನೆಯ ತರಗತಿಯ ಹುಡುಗ. ಹೇಳಿದ ಧಾಟಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪರೀಕ್ಷೆಯಲ್ಲಿ ಬಂದ ಅಂಕ ಹೇಳಿದ ಹಾಗೆ ಹೇಳಿ, ಅಜ್ಜಿ ಕೊಟ್ಟ ಚಕ್ಕುಲಿ ತಿನ್ನುತ್ತ ಕುಳಿತ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಅದೇ ಮಾತನ್ನು ಅವನ ವಯಸ್ಸಿನಲ್ಲಿ ನಾನೂ ಕೇಳಿದ್ದೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನನ್ನ ಅಪ್ಪ ನನಗೊಂದು ಬುಲ್‌ಬುಲ್ ಕೊಡಿಸಿದ್ದರು. ಟೈಪ್‌ರೈಟರಿನಂಥ ಗುಂಡಿಗಳಿರುವ ತಂತಿವಾದ್ಯ. ಭಜನೆಯವರೂ ಕವ್ವಾಲಿಯವರೂ ಅದನ್ನು ಬ್ಯಾಂಜೋ ಎನ್ನುತ್ತಾರೆ. ಅದನ್ನು ಹಿಡಿದು ಊರಿನ ಭಜನೆಗೆ ಹೋದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ನಡೆದಿತ್ತು. ನಾನು ಗುಂಡಿ ಒತ್ತಿದಾಗಲೆಲ್ಲ ಹಾಡುವವರು ತಿರುಗಿ ನೋಡಿದರು. ಕೊನೆಗೆ ಹಿರಿಯರೊಬ್ಬರು, “ನಿನಗ ಸ್ವರ ಹತ್ತೂದಿಲ್ಲಪಾ, ತಾಳ ಹೊಡಿ” ಎಂದು ಕೈಗೆ ತಾಳ ಕೊಟ್ಟರು. ಅವತ್ತಿನಿಂದ ಬುಲ್‌ಬುಲ್ ಅಟ್ಟ ಸೇರಿತು. ಮೂವತ್ತು ವರ್ಷದ ಮೇಲೆ ಮನೆಗೆ ಬಂದ ಹಾರ್ಮೋನಿಯಂ ರಿಪೇರಿಯವರೊಬ್ಬರು ಅದನ್ನು ಒರೆಸಿ, ತಂತಿ ಕಟ್ಟಿ, ಒಂದೊಂದೇ ಗುಂಡಿ ಒತ್ತಿ ನೋಡಿ ನಕ್ಕರು. “ಇದರಾಗ ಎರಡು ಮೆಟ್ಟಿಲ ಜಾಗಾನೇ ತಪ್ಪ್ಯಾವ್ರಿ. ತಾನಸೇನ ಬಂದು ಬಾರಿಸಿದ್ರೂ ಸ್ವರ ಹತ್ತಂಗಿಲ್ಲ” ಎಂದರು. ಅಷ್ಟು ಹೊತ್ತಿಗೆ ನನ್ನ ತಲೆ ಅರ್ಧ ಬೆಳ್ಳಗಾಗಿತ್ತು.

ಅದಕ್ಕೇ ಬೆಳಿಗ್ಗೆ ಎದ್ದವನೇ ನಿರ್ಧಾರ ಮಾಡಿದೆ. ಹುಡುಗನ ಕಿವಿ ಪರೀಕ್ಷೆ ಆಮೇಲೆ, ಮೊದಲು ಗಿಟಾರಿನ ಪರೀಕ್ಷೆ.

ರಜೆ ಮುಗಿದಾಗ ಅವನನ್ನು ಬಿಡಲು ನಾನೇ ಜೇವರ್ಗಿಗೆ ಹೋದೆ. ಕಟ್ಟಿಸಂಗಾವಿಯ ಸೇತುವೆ ಮೇಲೆ ಭೀಮೆ ದಾಟುವಾಗಲೂ ಅವನು, “ಬ್ಯಾಡ ಬಿಡು ಮುತ್ಯಾ” ಅನ್ನುತ್ತಲೇ ಇದ್ದ. ಮನೆ ಸೇರಿ, ಕಪಾಟಿನ ಮೇಲಿಂದ ಗಿಟಾರು ಇಳಿಸಿ ಧೂಳು ಒರೆಸಿದೆವು. ನೋಡಲು ಚೆಂದ, ಬಣ್ಣ ಕನ್ನಡಿಯ ಹಾಗೆ. ಆದರೆ ಕೊರಳಿನ ಅಂಚಿನಲ್ಲಿ ಬೆರಳು ಎಳೆದಾಗ ಗರಗಸದ ಹಲ್ಲಿನಂತೆ ಚುಚ್ಚಿತು. ಶಾಲೆಯ ಸ್ಕೇಲ್ ಇಟ್ಟು ನೋಡಿದರೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿ 4 ಮಿಲಿಮೀಟರ್ ಎತ್ತರದಲ್ಲಿತ್ತು. ಇದು ಹೆಚ್ಚೋ ಕಡಿಮೆಯೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಬೇಕಿತ್ತು.

ಗೊತ್ತಿದ್ದವನು ನಮ್ಮ ತಾಲ್ಲೂಕಿನಲ್ಲೇ ಸಿಕ್ಕ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿ ಬೇರೆ ಬೇರೆ ರಾಜ್ಯದ ಮಕ್ಕಳು ಓದುತ್ತಾರೆ. ಅವರಲ್ಲಿ ಒಬ್ಬ ಕೇರಳದ ಹುಡುಗ ಗಿಟಾರು ಬಾರಿಸುತ್ತಾನೆಂದು ತಿಳಿಯಿತು. ಒಂದು ಭಾನುವಾರ ಮೊಮ್ಮಗನನ್ನೂ ಗಿಟಾರನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಅವನ ಕನ್ನಡ ಸ್ವಲ್ಪ, ನನ್ನ ಇಂಗ್ಲಿಷ್ ಸ್ವಲ್ಪ. ಗಿಟಾರು ನಡುವೆ ಇದ್ದುದರಿಂದ ಎಲ್ಲ ತಿಳಿಯಿತು.

ಮೊದಲು ಅವನು ಎಲೆಕ್ಟ್ರಿಕ್ ಗಿಟಾರು ಹೇಗೆ ನುಡಿಯುತ್ತದೆ ಎಂದು ತೋರಿಸಿದ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎನ್ನುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಬಾವಿಗೆ ಹಾಕುವ ಪಂಪಿನ ಕರೆಂಟು ಹುಟ್ಟುವುದೂ ಅದೇ ತತ್ವದಿಂದ.

“ಹಾಗಾದ್ರೆ ಕಟ್ಟಿಗಿ ಬಣ್ಣ, ಆಕಾರ?” ಎಂದೆ.

“ಅಜ್ಜಾ, ಅದು ಕಣ್ಣಿಗೆ. ಕಿವಿಗೆ ಬೇಕಾದ್ದು ಮೆಟ್ಟಿಲು, ಕೊರಳು, ಕೀಲಿ” ಎಂದ.

ಆಮೇಲೆ ಮೊಬೈಲಿನ ಟ್ಯೂನರ್ ಇಟ್ಟು ಪರೀಕ್ಷೆ ಮಾಡಿದ. ಗಿಟಾರಿಗೆ ಆರು ತಂತಿ. ಐದನೆಯ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ 110 ಸಲ ಕಂಪಿಸಬೇಕು. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯಾದ ನಡುವಿನಲ್ಲಿರುತ್ತದೆ. ಅಲ್ಲಿ ಒತ್ತಿ ಮೀಟಿದರೆ ಎರಡರಷ್ಟು, ಅಂದರೆ 220 ಬರಬೇಕು. ನಮ್ಮ ಭಾಷೆಯಲ್ಲಿ ಷಡ್ಜದಿಂದ ತಾರಷಡ್ಜ. ಮೊಮ್ಮಗನ ಗಿಟಾರಿನಲ್ಲಿ 224 ಬಂತು. ತಂತಿ ಬಹಳ ಎತ್ತರದಲ್ಲಿದ್ದರೆ ಒತ್ತುವಾಗ ಅದು ಹೆಚ್ಚು ಎಳೆದು ಬಿಗಿಯಾಗುತ್ತದೆ, ಸ್ವರ ಏರುತ್ತದೆ. 4 ಮಿಲಿಮೀಟರ್ ಇದ್ದದ್ದು ಸುಮಾರು 2 ಇರಬೇಕಿತ್ತು.

ಅಂಚು ಚುಚ್ಚಿದ್ದಕ್ಕೆ ಕಾರಣ ಕೇಳಿ ನನಗೆ ನಗು ಬಂತು. ಅದು ನಮ್ಮ ಊರಿನ ಬಿಸಿಲು! ಕಟ್ಟಿಗೆ ಒಣಗಿದರೆ ಅಡ್ಡಗಲಕ್ಕೆ ಕುಗ್ಗುತ್ತದೆ. ಲೋಹದ ಮೆಟ್ಟಿಲು ಕುಗ್ಗುವುದಿಲ್ಲ. ಸರಿಯಾಗಿ ಒಣಗಿಸದ ಹಸಿ ಕಟ್ಟಿಗೆಯ ಗಿಟಾರು ಮಾರ್ಚ್‌ನಲ್ಲಿ ಬಂದು ನಮ್ಮ ಏಪ್ರಿಲ್, ಮೇ ಕಂಡರೆ ಮೆಟ್ಟಿಲಿನ ತುದಿಗಳು ಹೊರಗೆ ಇಣುಕದೆ ಏನು ಮಾಡುತ್ತವೆ? ಎತ್ತಿನ ಗಾಡಿಯ ಗಾಲಿ ಬೇಸಿಗೆಯಲ್ಲಿ ಒಣಗಿ ಕಬ್ಬಿಣದ ಪಟ್ಟಿ ಸಡಿಲಾಗುವುದನ್ನು ನೋಡಿದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಆ ಹುಡುಗ ಎರಡು ತಾಸು ಕುಳಿತು ಕೆಲಸ ಮಾಡಿದ. ಕೊರಳಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ಅದನ್ನು ಕೀಲಿಯಿಂದ ಕಾಲು ಸುತ್ತು ಬಿಗಿ ಮಾಡಿದ. ತಂತಿ ಇಳಿಸಿದ. ತುದಿಗಳನ್ನು ಅರದಿಂದ ಉಜ್ಜಿದ. ಗಿಟಾರು ಎಷ್ಟೋ ಸುಧಾರಿಸಿತು. ಆದರೂ ಬಿಗಿ ಮಾಡಿದ ಕೀಲಿ ಹತ್ತು ನಿಮಿಷಕ್ಕೆ ಜಾರುತ್ತಿತ್ತು, ಮೇಲಿನ ಮೂರು ಮೆಟ್ಟಿಲು ಸರಿಯಾಗಿ ಕೂತಿರಲಿಲ್ಲ. “ಇದನ್ನು ಪೂರ್ತಿ ಸರಿ ಮಾಡಲು ಇದರ ಬೆಲೆಗಿಂತ ಹೆಚ್ಚು ಖರ್ಚು” ಎಂದ. ಅಗ್ಗದ್ದೆಲ್ಲ ಕೆಟ್ಟದ್ದಲ್ಲ ಎಂದೂ ಹೇಳಿದ. ಅದೇ ಬೆಲೆಯ ಹತ್ತು ಗಿಟಾರಿನಲ್ಲಿ ನಾಲ್ಕು ಚೆನ್ನಾಗಿರಬಹುದು. ಯಾವ ನಾಲ್ಕು ಎಂದು ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗುವುದಿಲ್ಲ, ಅಷ್ಟೇ.

ಮೊಮ್ಮಗ ಎಲ್ಲವನ್ನೂ ಕೇಳಿಸಿಕೊಂಡ. ಆದರೆ ಅವನ ಮನಸ್ಸಿನ ಗಂಟು ಬಿಚ್ಚಿರಲಿಲ್ಲ. “ಗಿಟಾರು ಕೆಟ್ಟದ್ದಿರಬಹುದು ಮುತ್ಯಾ. ನನ್ನ ಕಿವೀನೂ ಕೆಟ್ಟದ್ದಿರಬಹುದಲ್ಲ?” ಎಂದ. ಮಾತು ನಿಜ. ಒಂದು ತಪ್ಪು ಸಿಕ್ಕಿತು ಅಂದರೆ ಇನ್ನೊಂದು ಇಲ್ಲ ಅಂತಲ್ಲ.

ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗುವ ಪದ್ಧತಿ ನಮ್ಮ ಮನೆಯಲ್ಲಿದೆ. ಗಾಣಗಾಪುರ ಅಫಜಲಪುರ ತಾಲ್ಲೂಕಿನದು. ಅಫಜಲಪುರ ಪಟ್ಟಣದಲ್ಲಿ ನನ್ನ ತಂಗಿಯ ಮನೆ. ಅವಳ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಊರಿಗೆ ಬಂದಿದ್ದ. ಅವನ ಬಳಿ ಎರಡು ಗಿಟಾರು. ಒಂದು, ಮೊದಲ ಸಂಬಳದಲ್ಲಿ ಕೊಂಡ ಇಂಡೊನೇಷ್ಯಾದಲ್ಲಿ ತಯಾರಾದ ಯಮಾಹಾ ಪೆಸಿಫಿಕಾ, ಬೆಲೆ ಸುಮಾರು 18,000 ರೂಪಾಯಿ. ಇನ್ನೊಂದು ಈಚೆಗೆ ಕೊಂಡದ್ದು, 60,000. ನಮ್ಮದು ಸಣ್ಣ ಆಂಪ್ಲಿಫಯರ್ ಸೇರಿ 5,500. ನಾನು ತೊಗರಿ ಬೆಳೆಯುವವ, ನನ್ನ ಲೆಕ್ಕ ತೊಗರಿಯದು. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,550. ಅಂದರೆ ನಮ್ಮ ಗಿಟಾರು ಮುಕ್ಕಾಲು ಕ್ವಿಂಟಾಲ್ ತೊಗರಿ, ಯಮಾಹಾ ಎರಡೂವರೆಗೆ ಸ್ವಲ್ಪ ಕಡಿಮೆ, ದೊಡ್ಡದು ಎಂಟು ಕ್ವಿಂಟಾಲ್.

ನನಗೊಂದು ಉಪಾಯ ಹೊಳೆಯಿತು. ನಡುಮನೆಯ ಬಾಗಿಲಿಗೆ ಕಂಬಳಿ ಕಟ್ಟಿದೆವು. ಒಳಗೆ ತಂಗಿಯ ಮಗ ಮೂರೂ ಗಿಟಾರುಗಳನ್ನು ಒಂದೇ ಆಂಪ್ಲಿಫಯರಿಗೆ ಹಚ್ಚಿ, ಒಂದೇ ಭಜನೆಯ ಧಾಟಿಯನ್ನು ಒಂದೊಂದರಲ್ಲೂ ಬಾರಿಸಬೇಕು. ಹೊರಗೆ ಕುಳಿತ ನಾವು ನಾಲ್ವರು, ನಾನು, ನನ್ನ ಹೆಂಡತಿ, ತಂಗಿ, ಮೊಮ್ಮಗ, ಯಾವುದು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಪ್ರತಿ ಸಲ ಕ್ರಮ ಬದಲಾಯಿಸಿ ಮೂರು ಸಲ.

ಚೀಟಿ ಬಿಚ್ಚಿದೆವು. ನಮ್ಮ ಅಗ್ಗದ ಗಿಟಾರನ್ನು ನಾಲ್ವರೂ ಬಹುಪಾಲು ಗುರುತಿಸಿದ್ದೆವು. 18,000ದ್ದು, 60,000ದ್ದು ಯಾವುದೆಂದು ಹೇಳುವಲ್ಲಿ ನಾನು ಮೂರರಲ್ಲಿ ಎರಡು ಸಲ ತಪ್ಪಿದ್ದೆ. ತಂಗಿ ಮೂರೂ ಸಲ ತಪ್ಪಿದ್ದಳು. “ಎಂಟು ಕ್ವಿಂಟಾಲ್ ತೊಗರಿ ನೀರಾಗ ಹಾಕಿದಿ” ಎಂದು ಮಗನಿಗೆ ಬೈದಳು. ಮೊಮ್ಮಗನ ಚೀಟಿಯಲ್ಲಿ ಮೂರಕ್ಕೆ ಮೂರೂ ಸರಿ. ಅಷ್ಟೇ ಅಲ್ಲ, ನಮ್ಮ ಗಿಟಾರಿನ ಮುಂದೆ ಅವನು ಸಣ್ಣ ಅಕ್ಷರದಲ್ಲಿ ಬರೆದಿದ್ದ: ‘ಮೂರನೇ ತಂತಿ ಇಳದದ.’ ಒಳಗೆ ಹೋಗಿ ಟ್ಯೂನರ್ ಇಟ್ಟು ನೋಡಿದರೆ ಹೌದು, ಮೂರನೆಯ ತಂತಿಯ ಕೀಲಿ ಜಾರಿತ್ತು.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನೇ ಹೇಳಿದೆ: “ನಿನ್ನ ಕಿವಿ ಕೆಟ್ಟದ್ದಿದ್ದರ ಆ ಗಿಟಾರು ನಿನಗ ಚೊಲೋನೇ ಕೇಳಸ್ತಿತ್ತು ತಮ್ಮಾ. ಕಿವಿ ಸರಿ ಇದ್ದದ್ದಕ್ಕೇ ನಿನಗ ಬ್ಯಾಸರ ಬಂತು.”

ಹುಡುಗನ ಮುಖ ಅರಳಿದ್ದನ್ನು ನಾನು ಬರೆಯಲಾರೆ.

60,000ದ ಗಿಟಾರು ದಂಡವಲ್ಲ ಎಂದು ತಂಗಿಯ ಮಗ ವಿವರಿಸಿದ. ಅದರ ಪಿಕಪ್‌ನಲ್ಲಿ ಗುಂಯ್ ಸದ್ದು ಕಡಿಮೆ, ಕೈಗೆ ಮೆತ್ತಗೆ, ದಿನಾ ವೇದಿಕೆಯಲ್ಲಿ ಬಾರಿಸುವವರಿಗೆ ಬೇಕು. ಆದರೆ 5,500ರಿಂದ 18,000ಕ್ಕೆ ಏರಿದಾಗ ಆಗುವ ಲಾಭ ದೊಡ್ಡದು, ಅಲ್ಲಿಂದ 60,000ಕ್ಕೆ ಏರಿದಾಗ ಆಗುವುದು ಸಣ್ಣದು. ಈಗ ಕಂಪ್ಯೂಟರ್ ಯಂತ್ರಗಳು ಮೆಟ್ಟಿಲಿನ ಗಾಡಿಯನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯುತ್ತವೆ. ಕೊರಿಯಾದ ಕಾರ್ಟ್ ಕಂಪನಿಯ ಇಂಡೊನೇಷ್ಯಾ ಕಾರ್ಖಾನೆಯಲ್ಲಿ ಬೇರೆ ಬೇರೆ ಪ್ರಸಿದ್ಧ ಹೆಸರಿನ ಗಿಟಾರುಗಳೂ ತಯಾರಾಗುತ್ತವೆ. ಅಮೆರಿಕದ ಫೆಂಡರ್ ಕಂಪನಿ ಕಡಿಮೆ ಬೆಲೆಯ ಗಿಟಾರುಗಳಿಗೆಂದು 1982ರಲ್ಲಿ ಜಪಾನಿನಲ್ಲಿ ಸ್ಕ್ವಯರ್ ಹೆಸರು ಶುರು ಮಾಡಿತು. ಹೀಗಾಗಿ ನಡು ಬೆಲೆಯ ಪರದೇಶದ ಗಿಟಾರು ಇಂದು ಕಲಿಯುವವನಿಗೆ ಸಾಕಾಗಿ ಮಿಗುತ್ತದೆ.

ತಂಗಿಗೆ ಇನ್ನೊಂದು ಅನುಮಾನವಿತ್ತು. “ಪರದೇಶಿ ವಾದ್ಯ ನಮಗ್ಯಾಕ? ಹಾರ್ಮೋನಿಯಂ ಕಲೀಲಿ” ಎಂದಳು. ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನ ಪ್ಯಾರಿಸ್‌ನಲ್ಲಿ, 1842ರಲ್ಲಿ ಪೇಟೆಂಟ್ ಆಯಿತು ಎಂದೆ. ಅವಳು ನಂಬಲಿಲ್ಲ. ನಮ್ಮ ಭಜನೆಯ ಬುಲ್‌ಬುಲ್ ಕೂಡ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ ಎಂಬ ವಾದ್ಯದ ಮಗಳು ಎಂದರೆ ಸುಮ್ಮನೆ ನಕ್ಕಳು.

ಕೊನೆಗೆ ವ್ಯವಹಾರ ಮನೆಯೊಳಗೇ ಮುಗಿಯಿತು. ತಂಗಿಯ ಮಗ ಹಳೆಯ ಯಮಾಹಾವನ್ನು ಬಿಟ್ಟಿ ಕೊಡುತ್ತೇನೆಂದ. ನನ್ನ ಹೆಂಡತಿ ಒಪ್ಪಲಿಲ್ಲ. “ಬಿಟ್ಟಿ ಬಂದದ್ದಕ್ಕ ಬೆಲಿ ಇರೂದಿಲ್ಲ” ಎಂದು 10,000 ರೂಪಾಯಿ ನಿಗದಿ ಮಾಡಿದಳು. ಮೊಮ್ಮಗ ಕೂಡಿಟ್ಟ 2,000 ಕೊಟ್ಟ, ಉಳಿದದ್ದು ತೊಗರಿ ಮಾರಿದ ಮೇಲೆ ಎಂದು ನಾನು ಮಾತು ಕೊಟ್ಟೆ, ಜನವರಿಯಲ್ಲಿ ತೀರಿಸಿದೆ. ಹಳೆಯ ಸೆಟ್ಟಿನ ಆಂಪ್ಲಿಫಯರ್ ಚೆನ್ನಾಗಿಯೇ ಇತ್ತು, ಅದನ್ನೇ ಇಟ್ಟುಕೊಂಡೆವು.

ಆಳಂದಕ್ಕೆ ಮರಳುವ ಬಸ್ಸಿನಲ್ಲಿ ಅವನಿಗೆ ಯಮಾಹಾ ಕಥೆ ಹೇಳಿದೆ. ಟೊರಾಕುಸು ಯಮಾಹಾ ಜಪಾನಿನ ಹಮಮಾತ್ಸು ಊರಿನಲ್ಲಿ 1887ರಲ್ಲಿ ಶಾಲೆಯೊಂದರ ಕೆಟ್ಟ ಆರ್ಗನ್ ರಿಪೇರಿ ಮಾಡಿದ. ಆಮೇಲೆ ತಾನೇ ಒಂದು ಆರ್ಗನ್ ಮಾಡಿ, ಗೆಳೆಯನ ಜೊತೆ ಕೋಲಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಹಕೋನೆ ಬೆಟ್ಟ ದಾಟಿ ಟೋಕಿಯೊ ತಲುಪಿದ. ಅಲ್ಲಿ ಸಂಗೀತ ಬಲ್ಲವರು ಬಾರಿಸಿ ನೋಡಿ, ಶ್ರುತಿ ಸರಿಯಿಲ್ಲ ಎಂದುಬಿಟ್ಟರು. ಅವನು ಅಲ್ಲೇ ಸುಮಾರು ಒಂದು ತಿಂಗಳು ಕುಳಿತು ಸಂಗೀತಶಾಸ್ತ್ರ ಕಲಿತು, ಊರಿಗೆ ಹೋಗಿ ಮತ್ತೊಂದು ಮಾಡಿದ. ಅದು ಸರಿಹೋಯಿತು.

“ಅಷ್ಟು ದೂರ ಹೊತ್ಕೊಂಡು ಹೋದದ್ದು ಶ್ರುತಿ ತಪ್ಪಿತ್ತೇನು?” ಎಂದು ಕೇಳಿದ ಮೊಮ್ಮಗ. ಅವನಿಗೆ ಆ ಮಾತು ಬಹಳ ಹಿಡಿಸಿತು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ ವಾದ್ಯ ಕೊಡಿಸುವಾಗ ಬಣ್ಣ ನೋಡಬೇಡಿ, ಅತಿ ಅಗ್ಗವೆಂದು ಕಣ್ಣುಮುಚ್ಚಿ ತರಿಸಬೇಡಿ, ದುಬಾರಿಯೇ ಒಳ್ಳೆಯದು ಎಂದು ಸಾಲವನ್ನೂ ಮಾಡಬೇಡಿ. ಕೊರಳಿನ ಅಂಚಿಗೆ ಬೆರಳು ಎಳೆಯಿರಿ. ಹನ್ನೆರಡನೆಯ ಮೆಟ್ಟಿಲ ಸ್ವರ ಕೇಳಿ. ಶ್ರುತಿ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಮಕ್ಕಳೇ, ನಿಮ್ಮ ವಾದ್ಯ ನುಡಿಯದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳುವ ಮೊದಲು ಬಲ್ಲವರ ಕೈಗೆ ಅದನ್ನು ಒಮ್ಮೆ ಕೊಡಿ.

ಮೊನ್ನೆ ಜೇವರ್ಗಿಯಿಂದ ಫೋನು ಬಂತು. ಗಿಟಾರಿನಲ್ಲಿ ತತ್ವಪದದ ಧಾಟಿ ಬಾರಿಸಿ ಕೇಳಿಸಿದ. ನಾನು ಶಹಬ್ಬಾಸ್ ಅಂದೆ.

“ತಡಿ ಮುತ್ಯಾ, ಎರಡನೇ ತಂತಿ ಒಂದೆಳಿ ಏರೇದ, ಕೇಳಸ್ತದಿಲ್ಲೋ?” ಎಂದ.

ನನಗೆ ಕೇಳಿಸಿರಲಿಲ್ಲ. ಅವನಿಗೆ ಕೇಳಿಸಿತ್ತು.