ಸೀಟು ಯಾವುದು?

ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಹೊಸಬರು ಪರಸ್ಪರ ಕೇಳಿಕೊಳ್ಳುವ ಮೂರನೇ ಪ್ರಶ್ನೆ ಇದು. ಮೊದಲು ಹೆಸರು, ಆಮೇಲೆ ಊರು, ಅದಾದ ಮೇಲೆ ಸೀಟು. ಸೀಟು ಅಂದರೆ ಕೂರುವ ಜಾಗವಲ್ಲ. ಜಿ.ಎಂ.ನಲ್ಲಿ ಬಂದೆಯೋ, 2ಎಯೋ, 3ಬಿಯೋ, ಎಸ್‌ಸಿಯೋ, ಪೇಮೆಂಟೋ ಎಂದು ಅರ್ಥ. ಕೇಳುವವರಲ್ಲಿ ಕೆಟ್ಟ ಮನಸ್ಸು ಇರಲೇಬೇಕೆಂದಿಲ್ಲ. ನಮ್ಮ ಸಿರುಗುಪ್ಪದ ಕಡೆ ಹೊಸಬರು ಮನೆಗೆ ಬಂದರೆ "ಯಾರ ಪೈಕಿ?" ಎಂದು ಕೇಳುತ್ತಾರಲ್ಲ, ಹಾಗೆಯೇ ಇದೂ. ಉತ್ತರ ಗೊತ್ತಾದ ಮೇಲೆ ಯಾವ ಲೋಟದಲ್ಲಿ ಚಹಾ ಕೊಡಬೇಕು ಎಂಬುದು ತೀರ್ಮಾನವಾಗುತ್ತದೆ.

ನನ್ನ ಉತ್ತರ "371ಜೆ". ಹೇಳಿದ ಕೂಡಲೇ ಎದುರಿನವರ ಬಾಯಿಂದ ಒಂದು "ಓ..." ಬರುತ್ತಿತ್ತು. ಉದ್ದನೆಯ ಓ. ಆ ಓ ಎಷ್ಟು ಉದ್ದವಿದೆ ಎನ್ನುವುದರ ಮೇಲೆ ಈ ಸ್ನೇಹ ಎಷ್ಟು ದೂರ ಹೋಗುತ್ತದೆಂದು ಅಂದಾಜು ಮಾಡುವುದನ್ನು ಮೊದಲ ತಿಂಗಳಲ್ಲೇ ಕಲಿತೆ.

ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ನಮ್ಮ ಕಡೆಯಿಂದ ಬೆಂಗಳೂರಿಗೆ ಓದಲು ಹೋದ ಯಾರು ಇದನ್ನು ಓದಿದರೂ ತಮ್ಮದೇ ಕ್ಯಾಂಪಸ್ ಎಂದುಕೊಳ್ಳುತ್ತಾರೆ. ನಾನು ಅಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. 2023ರ ಕೊನೆಗೆ ಸೇರಿದೆ, 2025ರಲ್ಲಿ ಮುಗಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು 371ಜೆ ವಿಧಿ. 2013ರಿಂದ ಅದರಡಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ವಿದ್ಯಾರ್ಥಿಗಳಿಗೆ ಆ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ಮೀಸಲು. ಇದು ಜಾತಿಯ ಲೆಕ್ಕವಲ್ಲ, ಊರಿನ ಲೆಕ್ಕ. ಇದನ್ನು ಎಷ್ಟು ಸಲ ವಿವರಿಸಿದ್ದೇನೋ. ವಿವರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕಾದಿರುತ್ತಿತ್ತು: "ಹಾಗಾದ್ರೆ ನೀವು ನಿಜಾಮರ ಕೈಕೆಳಗೆ ಇದ್ದವರಾ?" ಇರಲಿಲ್ಲ. ನಿಜಾಮ ನಮ್ಮನ್ನು 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಮದರಾಸಿನವರಾಗಿದ್ದೆವು. 1953ರ ಅಕ್ಟೋಬರ್ 1ರಂದು ನಮ್ಮ ನೆರೆಯ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಮದರಾಸಿನವರು, ಮೈಸೂರಿನವರು, ಹೈದರಾಬಾದ್ ಕರ್ನಾಟಕದವರು, 2019ರಿಂದ ಕಲ್ಯಾಣ ಕರ್ನಾಟಕದವರು. ನಮ್ಮಜ್ಜಿ ಮನೆ ಬಿಟ್ಟು ಕದಲದೆ ಇಷ್ಟೆಲ್ಲ ಆಗಿದ್ದಳು.

ಊರಿಂದ ಹೊರಡುವುದೂ ಹಾಗೆಯೇ. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು, ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಅದು ಗುಂತಕಲ್ಲು, ಅನಂತಪುರ, ಧರ್ಮಾವರಂ, ಹಿಂದೂಪುರ ಸುತ್ತಿಕೊಂಡು ಬೆಂಗಳೂರು ಸೇರುತ್ತದೆ. ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗಲು ರಾತ್ರಿಯೆಲ್ಲ ಆಂಧ್ರದಲ್ಲಿ ನಿದ್ದೆ ಮಾಡಬೇಕು. ಹಾಸ್ಟೆಲಿನಲ್ಲಿ ನನ್ನ ಕನ್ನಡ ಕೇಳಿ "ಆಂಧ್ರದವಳಾ?" ಎಂದು ಕೇಳಿದವರಿಗೆ ಈ ರೈಲಿನ ದಾರಿಯನ್ನೇ ಹೇಳಿಬಿಡೋಣ ಅನ್ನಿಸುತ್ತಿತ್ತು. "ಐತಿ", "ಮಾಡಾಕ", "ಹೋಗಾಕ" ಅಂದರೆ ನಗು. ಅದೇ ನಾಲಿಗೆ ಅಡುಗೆಮನೆಯಲ್ಲಿ ಮಾತ್ರ ಕೆಲಸಕ್ಕೆ ಬಂತು. ನಮ್ಮ ಮೆಸ್ಸಿನ ಅಡುಗೆಯವರು ಅನಂತಪುರದ ಕಡೆಯವರು. ಎರಡು ಮಾತು ತೆಲುಗಿನಲ್ಲಿ ಆಡಿದ್ದಕ್ಕೆ ಎರಡು ವರ್ಷ ನನ್ನ ತಟ್ಟೆಗೆ ಒಂದು ಸೌಟು ಸಾರು ಜಾಸ್ತಿ ಬೀಳುತ್ತಿತ್ತು.

ಈಗ ಅಂಕದ ವಿಷಯ. ಜಿ.ಎಂ. ಕಟ್-ಆಫ್‌ಗಿಂತ ನನ್ನದು ನೂರಕ್ಕೆ ಮೂರು ಕಡಿಮೆ ಇತ್ತು. ತರಗತಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಪ್ರವೇಶ ಪಟ್ಟಿಯ ಪಿಡಿಎಫ್ ಎಲ್ಲರ ಫೋನಿನಲ್ಲೂ ಇತ್ತು. ಆ ಮೂರು ಅಂಕ ಎಲ್ಲಿ ಹೋದವು ಅನ್ನುವುದನ್ನು ನಾನು ಸರಿಯಾಗಿ ಹೇಳಬಲ್ಲೆ. ಡಿಗ್ರಿಯಲ್ಲಿ ಸ್ಪೆಕ್ಟ್ರೋಫೋಟೋಮೀಟರನ್ನು ನಾನು ನೋಡಿದ್ದು ಪುಸ್ತಕದ ಚಿತ್ರದಲ್ಲಿ. ಮೂರು ವರ್ಷದಲ್ಲಿ ಒಂದು ವಿಷಯಕ್ಕೆ ಎರಡು ಸೆಮಿಸ್ಟರ್ ಅತಿಥಿ ಉಪನ್ಯಾಸಕರೇ ಬರಲಿಲ್ಲ, ನಾವೇ ಗೈಡ್ ಇಟ್ಟುಕೊಂಡು ಓದಿದೆವು. ಬೆಂಗಳೂರಿನಲ್ಲಿ ಅದೇ ಯಂತ್ರದ ಮುಂದೆ ಮೊದಲ ದಿನ ನಿಂತಾಗ ಪಕ್ಕದವಳು ಕ್ಯುವೆಟ್ಟನ್ನು ಒರೆಸಿ ಇಡುವ ರೀತಿ ನೋಡಿ ಹಾಗೆಯೇ ಮಾಡಿದೆ. ಎರಡನೇ ವಾರಕ್ಕೆ ಕೈ ಕೂತಿತು. ಮೂರು ಅಂಕದ ದೂರ ಎರಡು ವಾರದ್ದು. ಆದರೆ ಆ "ಓ" ಎರಡು ವಾರಕ್ಕೆ ಮುಗಿಯುವುದಲ್ಲ.

ಯಾರೂ ಬೈಯುವುದಿಲ್ಲ, ಹೀಯಾಳಿಸುವುದಿಲ್ಲ. ಹುಟ್ಟುಹಬ್ಬಕ್ಕೆ ಕರೆಯುತ್ತಾರೆ, ತಲೆಗೆ ಮುನ್ನೂರು ರೂಪಾಯಿ ಕೇಳುತ್ತಾರೆ, ಕೇಕನ್ನು ಮುಖಕ್ಕೂ ಬಳಿಯುತ್ತಾರೆ. ಆದರೆ ಪ್ರಾಜೆಕ್ಟಿಗೆ ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳಿ ಎಂದ ಕೂಡಲೇ ಹತ್ತು ನಿಮಿಷದಲ್ಲಿ ಗುಂಪುಗಳು ಆಗಿಹೋಗಿರುತ್ತವೆ. ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ಗುಂಪಾಗುತ್ತಾರೆ. ಆ ಉಳಿದವರ ಗುಂಪಿನಲ್ಲಿ ನಾನು, ಸಿಂಧನೂರಿನ ಕಡೆಯ ಒಬ್ಬಳು, ಯಾದಗಿರಿಯವನೊಬ್ಬ, ಚಾಮರಾಜನಗರದ ಇನ್ನೊಬ್ಬ. ಚಾಮರಾಜನಗರದವನು 371ಜೆ ಅಲ್ಲ. ಆದರೂ ಹೇಗೋ ನಮ್ಮವನಾದ.

ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ತರಗತಿಯ ವಾಟ್ಸ್ಆ್ಯಪ್ ಗುಂಪಿನ ಹೊರಗೆ ಇನ್ನೊಂದು ಗುಂಪಿತ್ತು. ಅದರಲ್ಲಿ ಒಂದು ಡ್ರೈವ್ ಲಿಂಕ್. ಲಿಂಕಿನಲ್ಲಿ ಏಳೆಂಟು ವರ್ಷದ ಪ್ರಶ್ನೆಪತ್ರಿಕೆ, ಸೀನಿಯರುಗಳ ನೋಟ್ಸು, ಯಾವ ಮೇಷ್ಟ್ರು ಇಂಟರ್ನಲ್ಸಿಗೆ ಎಲ್ಲಿಂದ ಪ್ರಶ್ನೆ ಎತ್ತುತ್ತಾರೆ ಎಂಬ ಟಿಪ್ಪಣಿ. ನನ್ನ ರೂಮ್‌ಮೇಟ್ ಆ ಗುಂಪಿನಲ್ಲಿದ್ದಳು. ತೀರ್ಥಹಳ್ಳಿಯವಳು, ಒಳ್ಳೆಯ ಹುಡುಗಿ, ಅಮ್ಮ ಕಳಿಸಿದ ಹಲಸಿನ ಹಪ್ಪಳ ಒಬ್ಬಳೇ ತಿಂದವಳಲ್ಲ. ಲಿಂಕ್ ಕೇಳಿದಾಗ, "ನಂಗೆ ಕೊಡ್ಬೇಡ ಅಂದಿದಾರೆ ಮಾರಾಯ್ತಿ" ಅಂದಳು. ಅವಳ ಮುಖವೂ ಸಣ್ಣಗಾಗಿತ್ತು. ಹಪ್ಪಳ ಹಂಚಬಹುದು, ಲಿಂಕ್ ಹಂಚುವಂತಿಲ್ಲ. ಸೀಟಿಗಾಗಿ ಹೊಡೆದಾಡಿ ಒಳಗೆ ಬಂದವರಿಗೆ ಒಳಗೆ ಬಂದ ಮೇಲೂ ಹೊಡೆದಾಟ ಮುಗಿದಿಲ್ಲ ಎಂಬ ಭಯವಿರುತ್ತದೆ. ಮುಂದೆ ನೆಟ್ಟು, ಸ್ಲೆಟ್ಟು, ಪಿಎಚ್‌.ಡಿ., ಅಲ್ಲಿ ಮತ್ತೆ ಒಂದು ಪಟ್ಟಿ. ಪಕ್ಕದ ಮಂಚದಲ್ಲಿ ಮಲಗುವವಳು ಆ ಪಟ್ಟಿಯಲ್ಲಿ ಮೇಲಿರಬಹುದು. ಇದನ್ನು ನಾನು ಒಪ್ಪುವುದಿಲ್ಲ, ಆದರೆ ಅರ್ಥವಾಗುತ್ತದೆ.

ನಮಗೆ ಪ್ರಶ್ನೆಪತ್ರಿಕೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. ವಿಜಯನಗರ, ಚಂದ್ರಾ ಲೇಔಟ್ ಕಡೆ ಕೆಎಎಸ್ ಕೋಚಿಂಗಿಗೆಂದು ಬಂದು ರೂಮು ಮಾಡಿಕೊಂಡಿರುವ ನಮ್ಮ ಜಿಲ್ಲೆಯವರು ಬಹಳ. ಕುರುಗೋಡಿನ ಒಬ್ಬ ಅಕ್ಕ ನಮ್ಮದೇ ವಿಭಾಗದಲ್ಲಿ ಓದಿ, ಈಗ ಇತಿಹಾಸ, ಸಂವಿಧಾನ ಉರು ಹೊಡೆಯುತ್ತಿದ್ದಳು. ಭಾನುವಾರ ಅವಳ ರೂಮಿನಲ್ಲಿ ಒಗ್ಗರಣೆ-ಮಿರ್ಚಿ. ಬೆಂಗಳೂರಿನವರಿಗೆ ಒಗ್ಗರಣೆ ಅಂದರೆ ಸಾಸಿವೆ ಚಟಪಟ ಅನ್ನಿಸುವುದು. ನಮಗೆ ಅದು ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಮಾಡಿದ ಇಡೀ ತಿಂಡಿ. ಅವಳು ಮಂಚದ ಕೆಳಗಿನ ಪೆಟ್ಟಿಗೆಯಿಂದ ಹಳೆಯ ಪತ್ರಿಕೆಗಳ ಕಟ್ಟು ತೆಗೆದು ಕೊಟ್ಟು, "ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ತಂದುಕೊಡ್ರಿ, ನನ್ನ ಸಿರಿ ಅದಾ" ಎಂದು ನಕ್ಕಳು.

2024ರ ಆಗಸ್ಟ್ 10, ಶನಿವಾರ. ಎರಡನೇ ಸೆಮಿಸ್ಟರಿನ ಪರೀಕ್ಷೆ ಹತ್ತಿರವಿತ್ತು. ರಾತ್ರಿ ಹನ್ನೆರಡರ ಮೇಲೆ ಸಿಂಧನೂರಿನವಳು ಬಂದು ಬಾಗಿಲು ಬಡಿದಳು. "ಡ್ಯಾಮಿನ ಗೇಟ್ ಹೋಗೈತಂತೆ." ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಹನ್ನೊಂದು ಹುಡುಗಿಯರು ಕೂತಿದ್ದೆವು. ಯಾರೂ ಕರೆದಿರಲಿಲ್ಲ. ಬೇರೆ ಬೇರೆ ವಿಭಾಗದವರು, ಕೆಲವರ ಹೆಸರೂ ನನಗೆ ಗೊತ್ತಿರಲಿಲ್ಲ. ಹೊಸಪೇಟೆ, ಕಂಪ್ಲಿ, ಗಂಗಾವತಿ, ಮಾನ್ವಿ, ಸಿಂಧನೂರು, ಸಿರುಗುಪ್ಪ. ಕಾಲುವೆಯ ನಕಾಶೆಯನ್ನು ಮೆಟ್ಟಿಲ ಮೇಲೆ ಬಿಡಿಸಿದ ಹಾಗೆ. ಎಡದಂಡೆಯವರು, ಬಲದಂಡೆಯವರು. ನಮ್ಮದು ಬಲದಂಡೆಯ ಕೆಳಮಟ್ಟದ ಕಾಲುವೆ. ಎಲ್ಲರೂ ಮನೆಗೆ ಫೋನು ಮಾಡುತ್ತಿದ್ದೆವು. ಅಪ್ಪ ಎರಡನೇ ರಿಂಗಿಗೇ ಎತ್ತಿದ. "ನಿದ್ದಿ ಯಾರು ಮಾಡ್ಯಾರವ್ವ? ನಾಟಿ ಮುಗದು ಹದಿನೈದು ದಿನ ಆತು. ನೀನು ಓದ್ಕ." ಹಿಂದಿನ ವರ್ಷ ಬರ, ಎರಡನೇ ಬೆಳೆಗೆ ನೀರೇ ಸಿಕ್ಕಿರಲಿಲ್ಲ. ಈ ವರ್ಷ 105 ಟಿಎಂಸಿ ಹಿಡಿಯುವ ಡ್ಯಾಮು ತುಂಬಿತ್ತು. ದುರಸ್ತಿ ಮಾಡಬೇಕಾದರೆ ಸುಮಾರು 60 ಟಿಎಂಸಿ ಹೊರಗೆ ಬಿಡಬೇಕು ಎಂದು ಬೆಳಗಾಗುವಷ್ಟರಲ್ಲಿ ಸುದ್ದಿ ಬಂತು. ಅಷ್ಟು ಹೋದರೆ ಭತ್ತಕ್ಕೆ ಉಳಿಯುವುದೆಷ್ಟು ಎಂದು ಮೆಟ್ಟಿಲ ಮೇಲಿನವರೆಲ್ಲ ಬೆರಳಿನಲ್ಲೇ ಲೆಕ್ಕ ಹಾಕಿದರು. ಅಂದು ಯಾರೂ ಯಾರನ್ನೂ ಸೀಟು ಯಾವುದು ಎಂದು ಕೇಳಲಿಲ್ಲ.

ಸಿಂಧನೂರಿನವಳ ಮನೆಯದು ಸ್ವಂತ ಹೊಲವಲ್ಲ, ಗುತ್ತಿಗೆಯದು. ಬೆಳೆ ಬಂದರೂ ಬರದಿದ್ದರೂ ಗುತ್ತಿಗೆ ಹಣ ಕೊಡಲೇಬೇಕು. ಅವಳು ಫೋನಿನಲ್ಲಿ ಏನೂ ಮಾತಾಡದೆ ಬರೀ "ಹೂಂ" ಅನ್ನುತ್ತ ಕೂತಿದ್ದಳು.

ನನ್ನ ರೂಮ್‌ಮೇಟ್ ಎದ್ದು ಬಂದು ಹಿಂದಿನ ಮೆಟ್ಟಿಲಲ್ಲಿ ಕೂತಳು. "ಅಲ್ಲ ಮಾರಾಯ್ತಿ, ಇರೋ ಮೂವತ್ಮೂರು ಗೇಟಲ್ಲಿ ಒಂದು ತಾನೇ ಹೋಗಿದ್ದು?" ಅಂದಳು. ಯಾರೋ ಸಿಟ್ಟಿನಿಂದ ತಿರುಗಿ ನೋಡಿದರು. ನಾನು ಅವಳಿಗೆ ಕಾಲುವೆಯ ಕತೆ ಹೇಳಿದೆ. ಜುಲೈ ಪೂರ್ತಿ ಅವಳು ಊರಿನ ಮಳೆಗೆ ಶಾಪ ಹಾಕುತ್ತಿದ್ದಳು. ರಸ್ತೆ ಮುಳುಗಿತು, ಕರೆಂಟಿಲ್ಲ, ಅಡಿಕೆಗೆ ಕೊಳೆ ರೋಗ. ಅದೇ ಜುಲೈ ಪೂರ್ತಿ ನಾನು ದಿನವೂ ಡ್ಯಾಮಿನ ಮಟ್ಟ ನೋಡಿ ಖುಷಿಪಡುತ್ತಿದ್ದೆ. ಒಂದೇ ಕೋಣೆಯ ಎರಡು ಮಂಚಗಳ ಮೇಲೆ. ಅವಳ ಮನೆ ಹಿಂದೆ ಹರಿಯುವ ತುಂಗೆಯೇ ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ ಕೆಲವು ದಿನಗಳಲ್ಲಿ ನಮ್ಮ ಗದ್ದೆಗೆ ಬರುತ್ತದೆ ಎಂಬುದು ಶಾಲೆಯ ಭೂಗೋಳದಲ್ಲಿ ಇಬ್ಬರೂ ಓದಿದ್ದೆವು. ಅವಳು ಸುಮಾರು ಹೊತ್ತು ಸುಮ್ಮನಿದ್ದು, "ನಿಮ್ಮ ಮನೇಲಿ ಎಷ್ಟು ಎಕರೆ?" ಎಂದಳು. ಹತ್ತು ತಿಂಗಳಲ್ಲಿ ಮನೆಯ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ. ನಾನೂ ಅವಳ ಅಡಿಕೆ ತೋಟದ ಬಗ್ಗೆ ಆವತ್ತೇ ಕೇಳಿದ್ದು.

ಆ ವಾರ ಹಾಸ್ಟೆಲಿನಲ್ಲಿ ಕನ್ನಯ್ಯ ನಾಯ್ಡು ಎಂಬ ಹೆಸರನ್ನು ಸಿನಿಮಾ ನಟರ ಹೆಸರಿನ ಹಾಗೆ ಹೇಳುತ್ತಿದ್ದೆವು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಗೇಟು ಮುಚ್ಚಬಹುದು ಎಂದು ಬಂದಿದ್ದ ಹಿರಿಯ ತಜ್ಞರು ಅವರು. ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಮೊದಲ ಸ್ಟಾಪ್‌ಲಾಗ್ ಕೂತಿತು. ಮೆಸ್ಸಿನಲ್ಲಿ ಪಾಯಸವಿತ್ತು. ಅಡುಗೆಯವರು ನನಗೆ ತೆಲುಗಿನಲ್ಲಿ, ನಮಗೂ ಅದೇ ಡ್ಯಾಮಿನ ನೀರು ತಾನೇ ಎಂದರು. ಹೌದು, ಮೇಲ್ಮಟ್ಟದ ಕಾಲುವೆ ಅನಂತಪುರಕ್ಕೆ ಹೋಗುತ್ತದೆ. ಮೆಟ್ಟಿಲ ಮೇಲೆ ಅವರೂ ಕೂರಬೇಕಿತ್ತು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಇನ್ನೊಂದು ಗುಂಪು ಇದ್ದೇ ಇತ್ತು, ಲಿಂಕ್ ನಮಗೆ ಬರಲಿಲ್ಲ. ಆದರೆ ರೂಮ್‌ಮೇಟ್ ರಾತ್ರಿ ಊಟವಾದ ಮೇಲೆ ತನ್ನ ನೋಟ್ಸು ಹಿಡಿದುಕೊಂಡು ಮೆಸ್ಸಿನ ಹಾಲಿಗೆ ಬಂದು ನಮ್ಮ ಜೊತೆ ಕೂರತೊಡಗಿದಳು. "ಲಿಂಕ್ ಕೊಡಬಾರದು ಅಂದಿದಾರೆ, ಹೇಳಿಕೊಡಬಾರದು ಅಂದಿಲ್ಲ" ಎಂಬುದು ಅವಳ ವಾದ. ಆರ್ಗ್ಯಾನಿಕ್ ಅವಳು, ಫಿಸಿಕಲ್ ಕೆಮಿಸ್ಟ್ರಿಯ ಲೆಕ್ಕ ನಾನು. ಲೆಕ್ಕದಲ್ಲಿ ಆಕೆ ನನಗಿಂತ ಹಿಂದಿದ್ದಳು, ಅದು ಇಬ್ಬರಿಗೂ ಆಗಲೇ ಗೊತ್ತಾದದ್ದು. ಅವಳನ್ನು ಆ ಗುಂಪಿನಿಂದ ತೆಗೆದುಹಾಕಿದರು ಎಂದು ಕೇಳಿದೆ. ಅವಳು ಆ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಿಂಧನೂರಿನವಳು ಮೂರನೇ ಸೆಮಿಸ್ಟರಿಗೆ ಬರಲಿಲ್ಲ. ಒಂದು ಪೇಪರ್ ಉಳಿದಿತ್ತು, ಅದಕ್ಕಿಂತ ಹೆಚ್ಚಾಗಿ ತಮ್ಮನ ಫೀಸು ಇತ್ತು. ಈಗ ಊರಿನ ಹತ್ತಿರದ ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಮೊದಲ ಆರು ತಿಂಗಳು ನನ್ನ ಫೋನು ಎತ್ತಲಿಲ್ಲ. ನೂರಕ್ಕೆ ಎಂಟು ಸೀಟು ಕೊಟ್ಟ ಕಾನೂನಿನಲ್ಲಿ ಆ ಸೀಟಿನಲ್ಲಿ ಎರಡು ವರ್ಷ ಕೂತಿರಲು ಬೇಕಾದ ದುಡ್ಡಿನ ಮಾತಿಲ್ಲ. ತರಗತಿಯಲ್ಲಿ ಯಾರೋ "ಒಂದು ಸೀಟು ವೇಸ್ಟ್ ಆಯ್ತು" ಅಂದರು. ಚಾಮರಾಜನಗರದವನು ಎದ್ದು ಹೊರಗೆ ಹೋದ.

ಕುರುಗೋಡಿನ ಅಕ್ಕನ ಪತ್ರಿಕೆಗಳನ್ನೆಲ್ಲ ನಾವು ಸ್ಕ್ಯಾನ್ ಮಾಡಿದೆವು. ರೂಮ್‌ಮೇಟ್ ತನ್ನ ನೋಟ್ಸು ಸೇರಿಸಿದಳು, ಯಾದಗಿರಿಯವನು ಕೋನಗಳನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿದ ಅಣುಗಳ ಚಿತ್ರ ಸೇರಿಸಿದ. ಪ್ರಯೋಗಾಲಯದಲ್ಲಿ ಯಾವ ಯಂತ್ರವನ್ನು ಹೇಗೆ ಮುಟ್ಟಬೇಕು, ಕ್ಯುವೆಟ್ಟಿನ ಯಾವ ಎರಡು ಮುಖಗಳನ್ನು ಬೆರಳಲ್ಲಿ ಹಿಡಿಯಬಾರದು ಎಂಬುದನ್ನು ಕನ್ನಡದಲ್ಲಿ ನಾನು ಬರೆದೆ. ಲಿಂಕಿಗೆ ಪಾಸ್‌ವರ್ಡ್ ಇಟ್ಟಿಲ್ಲ. ಕಳೆದ ಬಾರಿ ಪ್ರವೇಶ ಪಟ್ಟಿ ಬಂದ ದಿನ ಅದನ್ನು ಪಟ್ಟಿಯಲ್ಲಿದ್ದ ಎಲ್ಲರ ಗುಂಪಿಗೂ ಹಾಕಿದೆ. ಸಿಂಧನೂರಿನವಳಿಗೂ ಕಳಿಸಿದ್ದೆ. ಮೊನ್ನೆ ನೋಡಿದರೆ ಫೋಲ್ಡರಿನಲ್ಲಿ ಒಂದು ಹೊಸ ಕಡತವಿತ್ತು. ತಾನು ಪಾಸಾಗದೆ ಉಳಿಸಿಕೊಂಡಿದ್ದ ಆ ಪೇಪರಿನ ಐದು ವರ್ಷದ ಪ್ರಶ್ನೆಗಳಿಗೆ ಅವಳು ಉತ್ತರ ಬರೆದು ಹಾಕಿದ್ದಳು, ದುಂಡನೆಯ ಕೈಬರಹದಲ್ಲಿ, ನಲವತ್ತೆರಡು ಪುಟ.