ತಮ್ಮನ ಕೈ, ನನ್ನ ಕಣ್ಣು

ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ನನ್ನ ತಮ್ಮನ ಮೊಮ್ಮಗಳು ಪಿ.ಯು.ಸಿ. ವಿಜ್ಞಾನವನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿದ್ದಾಳೆ. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಬೇಕೆಂಬುದು ತಂದೆಯ ಆಸೆ. ತೋಟಗಾರಿಕೆ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲಿಯೇ ಇರುವುದರಿಂದ, ಅಲ್ಲಿ ಸೇರಿದರೆ ಮಗಳು ವಾರಕ್ಕೊಮ್ಮೆಯಾದರೂ ಮನೆಯ ರೊಟ್ಟಿ ತಿಂದಾಳೆಂಬುದು ತಾಯಿಯ ಲೆಕ್ಕ. ಹುಡುಗಿಯಾದರೋ, "ಗದಗಕ್ಕ ಹೋಗಿ ಕೈಮಗ್ಗದ ಡಿಪ್ಲೊಮಾ ಓದತೀನಿ" ಎಂದು ಹಟ ಹಿಡಿದು ಕುಳಿತಿದ್ದಾಳೆ. ಆ ಮಾತು ಕಿವಿಗೆ ಬಿದ್ದ ದಿನ ನನ್ನ ತಮ್ಮ ಅರ್ಧ ಊಟಕ್ಕೆ ಎದ್ದುಹೋದ. ಕೊನೆಗೆ ಎಲ್ಲರೂ ಸೇರಿ ತೀರ್ಪನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹಿರಿಯನೆಂಬ ಗೌರವದಿಂದ ಹಾಗೆ ಮಾಡಿದರೆಂದು ನಾನು ಭ್ರಮಿಸಿಲ್ಲ. ಇಳಕಲ್ಲಿನ ಸೀರೆಯಿಂದ ನಮ್ಮ ಮನೆತನದಲ್ಲಿ ನಾಲ್ಕು ಕಾಸು ಕಂಡವನು ನಾನೊಬ್ಬನೇ, ಕಾರಣ ಇಷ್ಟೇ.

ಆ ನಾಲ್ಕು ಕಾಸನ್ನು ನಾನು ಕಂಡ ಬಗೆಯನ್ನು ಮೊದಲು ಹೇಳಬೇಕು.

1968ರಲ್ಲಿ ನಾನು ಬಾಗಲಕೋಟೆಯಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಅಲ್ಲಿ ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾಗಿ ಐದು ವರ್ಷವಾಗಿತ್ತು. 1963ರಲ್ಲಿ ಅದು ತೆರೆದ ಸುದ್ದಿ ಇಳಕಲ್ಲಿಗೆ ಬಂದಂದಿನಿಂದಲೇ ನಮ್ಮ ತಂದೆ ನನ್ನನ್ನು ಎಂಜಿನಿಯರ್ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಮೂವತ್ತು ವರ್ಷ ಲಾಳಿ ಎಸೆದವರು ಅವರು. ಮಗನಾದರೂ ಕುರ್ಚಿಯ ಮೇಲೆ ಕೂಡಲಿ ಎಂದು ಬಯಸಿದರೆ ತಪ್ಪೇನು? ನನ್ನ ಫೀ ಕಟ್ಟುವುದಕ್ಕಾಗಿ ತಾಯಿಯ ಬೋರಮಾಳ ಮಾರಾಟವಾಯಿತು. ನಾನು ಗಣಿತದಲ್ಲಿ ಎರಡು ಸಲ ನಪಾಸಾದೆ. ಕಾಲೇಜಿನವರದು ಏನೂ ತಪ್ಪಿರಲಿಲ್ಲ. ಕಲಿಸುವವರು ಮನಸ್ಸಿಟ್ಟು ಕಲಿಸುತ್ತಿದ್ದರು. ಅವರು ಹಲಗೆಯ ಮೇಲೆ ಬರೆಯುವಾಗ ನಾನು ಅವರ ಕೋಟಿನ ಬಣ್ಣವನ್ನು ನೋಡುತ್ತ, ಇದು ಎರಡು ಸಲ ಒಗೆದ ನೀಲಿಯೋ ಮೂರು ಸಲ ಒಗೆದದ್ದೋ ಎಂದು ಯೋಚಿಸುತ್ತ ಕುಳಿತಿರುತ್ತಿದ್ದೆ.

ಬಾದಾಮಿಯ ಗೆಳೆಯನೊಬ್ಬ ನನ್ನ ಕೋಣೆಯಲ್ಲಿದ್ದ. ಅವನೂ ನಪಾಸಾದ. ಮಾತಿನಲ್ಲಿ ಮಾತ್ರ ಅವನನ್ನು ಗೆಲ್ಲುವವರಿರಲಿಲ್ಲ. ಅವನು ಊರಿಗೆ ಹಿಂದಿರುಗಿ, ಮೇಣಬಸದಿಗಳನ್ನು ನೋಡಲು ಬರುವವರಿಗೆ ದಾರಿ ತೋರಿಸುವ ಕೆಲಸ ಹಿಡಿದ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವನ್ನು ಅವನು ವಿವರಿಸುತ್ತಿದ್ದರೆ, ನಿನ್ನೆ ತಾನೇ ಮಂಗಲೇಶನೊಡನೆ ಚಹಾ ಕುಡಿದು ಬಂದವನಂತೆ ತೋರುತ್ತಿತ್ತು. ಆದರೆ ಯಾತ್ರಿಕರು ಬರುವುದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಬಾದಾಮಿಯ ಕೆಂಪು ಬಂಡೆ ಕಾದ ಹೆಂಚಾಗಿರುವಾಗ ಬರುವವರಾರು? ಅದನ್ನರಿತೇ ಅವನು ಎರಡನೆಯ ವರ್ಷವೇ ಒಂದು ಕಿರಾಣಿ ಅಂಗಡಿಯನ್ನೂ ಇಟ್ಟುಕೊಂಡ. ಪ್ರೀತಿಯ ಕೆಲಸವನ್ನು ಅಂಗಡಿ ಸಾಕಿತು. ನಮ್ಮಿಬ್ಬರಲ್ಲಿ ಅವನೇ ಜಾಣನೆಂದು ನಾನು ಇಂದಿಗೂ ತಿಳಿದಿದ್ದೇನೆ.

ನನ್ನನ್ನು ಸೋದರಮಾವ ಹುನಗುಂದದ ಕಚೇರಿಯೊಂದಕ್ಕೆ ಹಂಗಾಮಿ ನಕಲುಗಾರನಾಗಿ ಸೇರಿಸಿದರು. ಆರು ತಿಂಗಳು ಬಸ್ಸಿನಲ್ಲಿ ಹೋಗಿಬಂದೆ. ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ತಾಯಿ ದೇವರಿಗೆ ಸಕ್ಕರೆ ಹಂಚುತ್ತಿದ್ದಳು. ಆ ನೌಕರಿಯನ್ನು ನಾನು ಹಳಿಯಲಾರೆ. ಆದರೆ ಕಚೇರಿಯ ಗಡಿಯಾರದ ಮುಖವಲ್ಲದೆ ಅಲ್ಲಿನ ಬೇರೇನೂ ನನ್ನ ನೆನಪಿನಲ್ಲಿ ಉಳಿದಿಲ್ಲ. ಅವಧಿ ಮುಗಿದ ಮೇಲೆ ಮನೆಗೆ ಬಂದು ಮಗ್ಗಕ್ಕೆ ಕುಳಿತೆ.

ಇಳಕಲ್ ಸೀರೆಯನ್ನು ಉಟ್ಟವರಿಗೆಲ್ಲ ಅದರ ಹುಟ್ಟು ತಿಳಿದಿರುವುದಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ರೇಷ್ಮೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆ, ಪ್ರತಿಯೊಂದು ಸೀರೆಗೂ ಮತ್ತೆ ಮೊದಲಿನಿಂದ. ಕೊಂಡಿ ಹಾಕುವವರು, ಕಂಡಿಕೆ ಸುತ್ತುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಎಲ್ಲ ಸೇರಿ ಒಂದು ಸೀರೆ ಇಳಿಯಲು ಸುಮಾರು ಒಂದು ವಾರ. ನನ್ನ ಕೈಯಲ್ಲಿ ಅದು ಹದಿನೈದು ದಿನ ಹಿಡಿಯಿತು. ತಂದೆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಸೆರಗಿನ ತೆನೆಗಳು ಒಂದೊಂದು ಒಂದೊಂದು ಎತ್ತರದಲ್ಲಿದ್ದವು.

"ಬಣ್ಣ ಚಲೋ ಆರಿಸೀದಿ. ನೇಕಾರಕಿ ನಿನ್ನ ಕಣ್ಣಿಗೆ ಬಂದದ, ಕೈಗೆ ಬಂದಿಲ್ಲ. ತಮ್ಮಗ ಎದ್ದು ಜಾಗಾ ಕೊಡು" ಎಂದರು.

ತಮ್ಮನಿಗೆ ಆಗ ಹದಿನಾರು. ಅವನು ಕುಳಿತರೆ ಮಗ್ಗದ ಸಪ್ಪಳವೇ ಬೇರೆಯಾಗುತ್ತಿತ್ತು. ನನಗೆ ಅವಮಾನವಾಯಿತೆ? ಆಯಿತು. ಆದರೂ ಆ ರಾತ್ರಿ ಚೆನ್ನಾಗಿ ನಿದ್ರೆ ಬಂದಿತೆಂಬುದನ್ನೂ ಹೇಳಿಬಿಡುತ್ತೇನೆ.

ಅದೇ ವರ್ಷ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಪರಿಚಯದ ವ್ಯಾಪಾರಿಯೊಬ್ಬರ ಸೀರೆ ಅಂಗಡಿಯಲ್ಲಿ ಸಹಾಯಕ್ಕೆ ನಿಂತೆ. ನಾಟಕ ನೋಡಲು ಬಂದವರು, ಬಳೆ ತೊಡಲು ಬಂದವರು ಎಲ್ಲರೂ ಅಂಗಡಿಗೆ ಹಣಿಕಿಕ್ಕುವವರೇ. ಹೆಂಗಸರು ಎದುರಿಗೆ ಬಂದು ಕುಳಿತರೆ ಸಾಕು, ಅವರ ಮೈಬಣ್ಣಕ್ಕೆ ಯಾವ ಒಡಲು, ಯಾವ ದಡಿ ಒಪ್ಪೀತೆಂಬುದು ನನಗೆ ಹೊಳೆದುಬಿಡುತ್ತಿತ್ತು. ಮೂರು ದಿನದಲ್ಲಿ ಸರಕು ಮುಗಿಯಿತು. ಆ ವ್ಯಾಪಾರಿ ನನ್ನನ್ನು ಸಂಬಳಕ್ಕೆ ಇಟ್ಟುಕೊಂಡರು. ಎಂಟು ವರ್ಷದ ತರುವಾಯ ನನ್ನದೇ ಸಣ್ಣ ವ್ಯಾಪಾರ ಹೂಡಿದೆ. ಗಂಟು ಹೊತ್ತು ಬಾಗಲಕೋಟೆಯಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ ಸೋಲಾಪುರ, ಮುಂದೆ ಪುಣೆ. ಅಲ್ಲಿಯ ಹೆಂಗಸರು 'ಇರಕಲ್' ಎಂದು ಕೇಳಿ ಕೊಳ್ಳುತ್ತಿದ್ದರು. ಮನೆ ಕಟ್ಟಿಸಿದೆ, ತಾಯಿಗೆ ಮೊದಲಿನದಕ್ಕಿಂತ ದಪ್ಪನೆಯ ಬೋರಮಾಳ ಮಾಡಿಸಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಮಕ್ಕಳಿಗೆ ಬುದ್ಧಿ ಹೇಳಲು ಒಳ್ಳೆಯ ಕಥೆಯೇ ಆಗುತ್ತಿತ್ತು. ಆದರೆ ನನಗೆ ಸೀರೆ ನೇಯ್ದುಕೊಡುತ್ತಿದ್ದವನು ನನ್ನ ತಮ್ಮ.

ಕೆಲಸ ಬಲ್ಲವನು, ಕೆಲಸದಲ್ಲಿ ಮನಸ್ಸಿದ್ದವನು ಅವನು. ಅಭಿರುಚಿ, ಸಾಮರ್ಥ್ಯ ಎಂದು ತಿಳಿದವರು ಹೇಳುವ ಎರಡೂ ಅವನಲ್ಲಿ ಕೂಡಿದ್ದವು. ಕೂಲಿಯೊಂದು ಕೂಡಲಿಲ್ಲ. ವಿದ್ಯುತ್ ಮಗ್ಗದ ಸೀರೆಗಳು ಬಂದ ಮೇಲೆ, ದೂರದಿಂದ ನೋಡುವ ಕಣ್ಣಿಗೆ ಎರಡೂ ಒಂದೇ ಆಗಿ, ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. 1994ರ ಒಂದು ಸಂಜೆ ಅವನು ಸೀರೆ ತಂದು ಕೊಟ್ಟು, ಹಣವನ್ನು ಎಣಿಸದೆಯೇ ಕಿಸೆಗೆ ಹಾಕಿಕೊಂಡು, "ಅಣ್ಣಾ, ನೀ ಕೊಡೂ ಕೂಲಿಯೊಳಗ ಹುಡುಗನ ಸಾಲಿ ಖರ್ಚ ನಡಿಯೂದಿಲ್ಲ. ನಾಳಿಂದ ಕಲ್ಲಿನ ಕಾರಖಾನಿಗೆ ಹೊಂಟೀನಿ" ಎಂದ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಆಗ ಒಳ್ಳೆಯ ಬೇಡಿಕೆ. ಪಾಲಿಶ್ ಯಂತ್ರದ ಮುಂದೆ ನಿಂತರೆ ವಾರದ ಕೂಲಿ ನಾನು ಕೊಡುವುದಕ್ಕಿಂತ ಹೆಚ್ಚು. ಮಾರುಕಟ್ಟೆಯೇ ಹೀಗಿರುವಾಗ ನಾನೇನು ಮಾಡಲಿ ಎಂದೆ. ಅವನು ಮರುಮಾತಾಡಲಿಲ್ಲ. ಆ ದುಡಿಮೆಯಿಂದಲೇ ಅವನ ಮಗ ಓದಿದ, ಬಾಗಲಕೋಟೆಯ ನವನಗರದಲ್ಲಿ ನೌಕರಿ ಹಿಡಿದ. ತಮ್ಮನ ಬೆರಳ ತುದಿಗಳಿಗೆ ಈಗ ರೇಷ್ಮೆಯ ಎಳೆ ಸಿಕ್ಕಿದ್ದು ತಿಳಿಯುವುದಿಲ್ಲ. ಮೊಮ್ಮಗಳು ಮಗ್ಗದ ಹೆಸರೆತ್ತಿದರೆ ಅವನು ತಾಟಿನ ಮುಂದಿನಿಂದ ಏಳದೆ ಇನ್ನೇನು ಮಾಡಿಯಾನು?

ಹುಡುಗಿಯನ್ನು ಕರೆದು ಕೂರಿಸಿಕೊಂಡೆ. ಅಜ್ಜನ ಮೇಲಿನ ಮಮತೆಯಿಂದ ಹುಟ್ಟಿದ ಹುರುಪೇ ಇದು ಎಂದು ನನ್ನ ಸಂಶಯ. ಅವಳು ನಕ್ಕಳು. "ನಾ ಮಗ್ಗಕ್ಕ ಕೂಡಾಂವಲ್ಲ ಅಜ್ಜಾ, ಬಣ್ಣಕ್ಕ ಕೂಡಾಕಿ" ಎಂದಳು. ರಸಾಯನಶಾಸ್ತ್ರದಲ್ಲಿ ಅವಳಿಗೆ ಉಳಿದೆಲ್ಲ ವಿಷಯಗಳಿಗಿಂತ ಹೆಚ್ಚು ಅಂಕ. ಸೆರಗಿನ ಕೆಂಪು ಒಡಲಿಗೆ ಹತ್ತಿ ಸೀರೆ ಕೆಟ್ಟಿತೆಂದು ಗಿರಾಕಿಗಳು ನನಗೆ ಬರೆದ ದೂರಿನ ಕಾಗದಗಳನ್ನು ಅವಳು ಚಿಕ್ಕವಳಿದ್ದಾಗಲೇ ಓದುತ್ತಿದ್ದಳಂತೆ. ರೇಷ್ಮೆಗೆ ಹಿಡಿಯುವ ಬಣ್ಣವೇ ಬೇರೆ, ಹತ್ತಿಗೆ ಹಿಡಿಯುವುದೇ ಬೇರೆ; ಎರಡೂ ಒಂದೇ ಸೀರೆಯಲ್ಲಿ ಕೂಡುವಾಗ ಏನಾಗುತ್ತದೆಂದು ಅರ್ಧ ಗಂಟೆ ನನಗೇ ಪಾಠ ಹೇಳಿದಳು. ಐವತ್ತು ವರ್ಷ ಸೀರೆ ಮಾರಿದವನು ಬಾಯಿ ಮುಚ್ಚಿಕೊಂಡು ಕೇಳಿದೆ.

ಆದರೂ ಹೊಟ್ಟೆಯ ಮಾತನ್ನು ಬಿಡಲಾಗುವುದೇ? ಗದಗಿನ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ಡಿಪ್ಲೊಮಾ ಮೂರು ವರ್ಷದ್ದು. ಅಂಥ ಡಿಪ್ಲೊಮಾ ಮಾಡಿಕೊಂಡ ಮೂವರು ನನ್ನ ವ್ಯಾಪಾರದ ಪರಿಚಯದವರು. ಮೂವರಿಗೂ ಫೋನ್ ಮಾಡಿ ಸಂಬಳವನ್ನು ನಾಚಿಕೆ ಬಿಟ್ಟು ಕೇಳಿದೆ. ಒಬ್ಬ ಗಿರಣಿಯೊಂದರ ಬಣ್ಣದ ವಿಭಾಗದಲ್ಲಿ ಮೇಲ್ವಿಚಾರಕ, ಸುಖವಾಗಿದ್ದಾನೆ. ಇನ್ನೊಬ್ಬಳು ಸರಕಾರಿ ನೌಕರಿಗಾಗಿ ನಾಲ್ಕು ವರ್ಷ ಕಾಯ್ದು ಪಡೆದಳು. ಮೂರನೆಯವನು ವಿಮೆ ಮಾರುತ್ತಿದ್ದಾನೆ. ಮೊದಲ ಸಂಬಳ ಕಂಪ್ಯೂಟರಿನವರದಕ್ಕಿಂತ ಕಡಿಮೆಯೆಂದು ಮೂವರೂ ಹೇಳಿದರು. ಇದೆಲ್ಲವನ್ನೂ ಬಚ್ಚಿಡದೆ ಅವಳ ಮುಂದೆ ಇಟ್ಟೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾ, ಒಂದು ಸೀರಿ ಬೆಲೆಯೊಳಗ ನೇಕಾರಗ ಎಷ್ಟು ಬರತಿತ್ತು?" ಎಂದು ಕೇಳಿದಳು.

ಅಟ್ಟದಿಂದ ಹಳೆಯ ಖಾತೆಪುಸ್ತಕವನ್ನು ಇಳಿಸಿದೆ. ನೂಲು, ಬಣ್ಣ, ಕೂಲಿ, ರೈಲು ಖರ್ಚು, ಎಲ್ಲವೂ ನನ್ನದೇ ಕೈಬರಹ. 1994ರ ಹಾಳೆಯ ಮೇಲೆ ಅವಳು ಬೆರಳಿಟ್ಟು ಕೂಡಿಸಿದಳು. ಒಂದು ಸೀರೆಗೆ ತಮ್ಮನಿಗೆ ಕೊಟ್ಟ ಕೂಲಿಯೂ ಅದೇ ಸೀರೆಯಿಂದ ನನಗೆ ಉಳಿದದ್ದೂ ಹೆಚ್ಚು ಕಡಿಮೆ ಸಮವಾಗಿದ್ದವು. ಅವನಿಗೆ ಅದು ಮನೆಮಂದಿಯ ಒಂದು ವಾರದ ದುಡಿಮೆ. ನನಗೆ ಪುಣೆಯ ಅಂಗಡಿಯಲ್ಲಿ ಅರ್ಧ ಗಂಟೆಯ ಮಾತು. ಆ ದಿನ ಮಾರುಕಟ್ಟೆಯ ಮೇಲೆ ಹಾಕಿದ ಹೊಣೆಯಲ್ಲಿ ನನ್ನದೂ ಒಂದು ಪಾಲಿತ್ತೆಂಬುದನ್ನು ಮೂವತ್ತು ವರ್ಷ ನಾನು ಕೂಡಿಸಿ ನೋಡಿರಲಿಲ್ಲ. ಹುಡುಗಿ ಏನೂ ಅನ್ನಲಿಲ್ಲ. "ಈ ಪುಸ್ತಕ ನನ್ನ ಕಡೆ ಇರಲಿ" ಎಂದಳು. ಕೊಟ್ಟೆ.

ರಾತ್ರಿ ತಮ್ಮನ ಬಳಿ ಹೋಗಿ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಅಂಗಳದ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಬೆರಳು ತಿಕ್ಕಿಕೊಳ್ಳುತ್ತಿದ್ದ. "ನನಗ ಅವತ್ತ ಗೊತ್ತಿತ್ತಣ್ಣಾ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಏಳಬೇಕೆನ್ನುವಷ್ಟರಲ್ಲಿ ಅವನೇ ಮತ್ತೆ ಕೇಳಿದ:

"ಗದಗಿನಾಗ ಹುಡುಗ್ಯಾರಿಗೆ ಹಾಸ್ಟೆಲ್ ಐತೇನು? ತಿಂಗಳಿಗೆ ಎಷ್ಟ ಆಗತೈತಿ, ನಾಳೆ ಕೇಳು."