ಏಳು ಗಂಟೆಗಳ ದುಡಿಮೆ

ಮಗನ ಸಂದೇಶ ಬಂದಾಗ ನಾವು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಲ್ಲಿ, ಪಾಸ್‌ಪೋರ್ಟ್ ತಪಾಸಣೆಯ ಉದ್ದನೆಯ ಸಾಲಿನಲ್ಲಿ ನಿಂತಿದ್ದೆವು. "ಉಪ್ಪ, ಉಮ್ಮ, ಇವತ್ತು ರಜೆ ಸಿಗಲಿಲ್ಲ. ರಾತ್ರಿ ಒಂಬತ್ತಕ್ಕೆ ಹೋಟೆಲಿಗೇ ಬರುತ್ತೇನೆ. ನೀವು ಟ್ಯಾಕ್ಸಿಯಲ್ಲೇ ಹೋಗಿ. ಅದರ ಹಣ ನಾನು ತೆಗೆದಿಟ್ಟಿದ್ದೇನೆ." ಇಷ್ಟೇ ಬರೆದಿದ್ದನು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಅದು 2024ರ ನವೆಂಬರ್. ಮಗನ ಪದವಿ ಪ್ರದಾನ ಸಮಾರಂಭಕ್ಕೆಂದು ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದು, ಅಲ್ಲಿಂದ ದುಬೈ ಮೂಲಕ ಹೊರಟಿದ್ದೆವು. ಅವನು ಪೂರ್ವ ಲಂಡನ್ನಿನ ಒಂದು ಕೋಣೆಯಲ್ಲಿ ಮತ್ತಿಬ್ಬರು ಹುಡುಗರ ಜೊತೆ ವಾಸವಾಗಿದ್ದುದರಿಂದ ನಮಗೆ ಅಲ್ಲಿ ಜಾಗವಿರಲಿಲ್ಲ. ವೈಟ್‌ಚಾಪೆಲ್ ರಸ್ತೆಯ ಸಮೀಪ ಒಂದು ಸಣ್ಣ ಹೋಟೆಲಿನಲ್ಲಿ ಐದು ರಾತ್ರಿಗಳಿಗೆ ಕೋಣೆ ಹಿಡಿದಿದ್ದನು. ಓದಿನ ಸಾಲ ಇನ್ನೂ ತೀರಿರಲಿಲ್ಲ. ವಿದ್ಯೆಗೆ ತಕ್ಕ ಕೆಲಸ ದೊರೆಯುವವರೆಗೆ ಅವನು ಒಂದು ಗೋದಾಮಿನಲ್ಲಿ ದುಡಿಯುತ್ತಿದ್ದನು. ಗಂಟೆಗೆ ಎಷ್ಟು ಕೊಡುತ್ತಾರೆಂದು ನಾವು ಕೇಳಿ ತಿಳಿದಿದ್ದೆವು: 11 ಪೌಂಡ್ 44 ಪೆನ್ಸ್. ಆ ವರ್ಷ ಬ್ರಿಟನ್ನಿನ ಕಾನೂನು ವಿಧಿಸಿದ್ದ ಕನಿಷ್ಠ ಕೂಲಿ ಅದೇ ಆಗಿತ್ತು.

ಹೀಥ್ರೂ ಇರುವುದು ನಗರದ ಪಶ್ಚಿಮದ ಅಂಚಿನಲ್ಲಿ, ವೈಟ್‌ಚಾಪೆಲ್ ಇರುವುದು ಪೂರ್ವದಲ್ಲಿ. ಇಡೀ ಲಂಡನ್ನನ್ನು ಹಾದು ಹೋಗಬೇಕು. ಟ್ಯಾಕ್ಸಿಗೆ ಏನಿಲ್ಲವೆಂದರೂ 80 ಪೌಂಡ್ ಆಗುತ್ತದೆಂದು ಊರಿನಲ್ಲೇ ವಿಚಾರಿಸಿದ್ದೆವು. ಆಗ ಒಂದು ಪೌಂಡಿಗೆ 107 ರೂಪಾಯಿಯ ಸುಮಾರು. ಎಂಟೂವರೆ ಸಾವಿರ ರೂಪಾಯಿ! ಆದರೆ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮನಸ್ಸು ಲೆಕ್ಕ ಹಾಕಿದ್ದು ರೂಪಾಯಿಯಲ್ಲಿ ಅಲ್ಲ. ಎಂಬತ್ತು ಪೌಂಡ್ ಎಂದರೆ ನಮ್ಮ ಮಗ ಏಳು ಗಂಟೆಗಳ ಕಾಲ ಪೆಟ್ಟಿಗೆಗಳನ್ನು ಎತ್ತಿ ಇಳಿಸುವುದು. ಒಂದೂವರೆ ಗಂಟೆ ಮೆತ್ತನೆಯ ಸೀಟಿನಲ್ಲಿ ಕುಳಿತು ನಾವು ಅದನ್ನು ಕರಗಿಸಿಬಿಡುವುದೇ?

ಪ್ರಯಾಣಿಕನು ಊರಿನಲ್ಲಿ ಎಷ್ಟೇ ಸ್ಥಿತಿವಂತನಾಗಿದ್ದರೂ ದಾರಿಯಲ್ಲಿ ಅಗತ್ಯವುಳ್ಳವನಾಗಬಹುದು. ಝಕಾತಿನ ಎಂಟು ಹಕ್ಕುದಾರರಲ್ಲಿ ಅವನೂ ಸೇರಿದ್ದಾನೆ. ಇದನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ಮನದಟ್ಟಾದದ್ದು ಮಾತ್ರ ಆ ದಿನ, ನಮ್ಮ ರೂಪಾಯಿ ನೂರರಲ್ಲೊಂದು ಭಾಗವಾಗಿ ಕುಗ್ಗಿಹೋದ ಆ ಊರಿನಲ್ಲಿ.

ಇಮಿಗ್ರೇಶನ್ ಮುಗಿಸಿ, ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ಎಳೆದುಕೊಂಡು ಹೊರಬಂದೆವು. ಅವುಗಳಲ್ಲಿ ಮುಕ್ಕಾಲು ಪಾಲು ಮಗನಿಗೆಂದು ತಂದ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಕುಚ್ಚಲಕ್ಕಿ, ಮಸಾಲೆ ಪುಡಿಗಳು. (ತುಪ್ಪವನ್ನು ಮನೆಯಲ್ಲೇ ಬಿಟ್ಟಿದ್ದೆವು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲ. ಹೋಗುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.) ಬಹುಧರ್ಮೀಯ ಪ್ರಾರ್ಥನಾ ಕೊಠಡಿಯನ್ನು ಹುಡುಕಿ, ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಜಮ್‌ಅ ಮತ್ತು ಕಸ್ರ್ ಆಗಿ ನಿರ್ವಹಿಸಿದೆವು. ಲಂಡನ್ನಿನ ನವೆಂಬರ್‌ನಲ್ಲಿ ಸಂಜೆ ನಾಲ್ಕು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ದಾರಿಯಲ್ಲಿ ಎಲ್ಲಿ ಸಿಲುಕುತ್ತೇವೋ ಎಂಬ ಆತಂಕವಿತ್ತು. ಸಲಾಮ್ ಹೇಳಿ ಎದ್ದಾಗ ಅರ್ಧ ಆಯಾಸ ಇಳಿದಿತ್ತು.

ಹೊರಗೆ ಬರುತ್ತಲೇ ಒಬ್ಬರು ಎದುರಾದರು. "ಅಸ್ಸಲಾಮು ಅಲೈಕುಮ್, ಭಾಯಿ ಸಾಹೇಬ್" ಎಂದರು. ಉರ್ದುವಿನಲ್ಲಿ ಬಹಳ ಆತ್ಮೀಯವಾಗಿ ಊರು, ಮಕ್ಕಳ ಬಗ್ಗೆ ವಿಚಾರಿಸಿ, ತಮ್ಮ ಕಾರಿನಲ್ಲಿ 70 ಪೌಂಡಿಗೆ ಬಿಡುವುದಾಗಿ ಹೇಳಿದರು. ಪರದೇಶದಲ್ಲಿ ಸಲಾಮ್ ಕೇಳಿದಾಗ ಮನಸ್ಸು ಎಷ್ಟು ಬೇಗ ಕರಗುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಆದರೆ ಮಗ ಮೊದಲೇ ಎಚ್ಚರಿಸಿದ್ದನು. ಅಲ್ಲಿ ಬಾಡಿಗೆ ಕಾರನ್ನು ಮುಂಗಡವಾಗಿ ಕಾಯ್ದಿರಿಸಬೇಕು; ಇಲ್ಲವೇ ಟ್ಯಾಕ್ಸಿ ಸಾಲಿನಲ್ಲಿ ನಿಂತು ಪರವಾನಿಗೆಯುಳ್ಳ ಕಪ್ಪು ಟ್ಯಾಕ್ಸಿ ಹತ್ತಬೇಕು. ಜನರ ನಡುವೆ ಬಂದು ಗಿರಾಕಿ ಹುಡುಕುವುದು ಕಾನೂನುಬಾಹಿರ. ಅಂತಹ ಕಾರಿನಲ್ಲಿ ಏನಾದರೂ ಆದರೆ ವಿಮೆಯೂ ಸಿಗದೆ ಹೋಗಬಹುದು. ಸಲಾಮಿಗೆ ಪೂರ್ಣ ಉತ್ತರ ಹೇಳಿ, ಕ್ಷಮೆ ಕೇಳಿ ಮುಂದೆ ನಡೆದೆವು. ಸಲಾಮಿಗೆ ಉತ್ತರಿಸುವುದು ನಮ್ಮ ಮೇಲಿನ ಹೊಣೆ. ಕಾರು ಹತ್ತುವುದು ಅದರಲ್ಲಿ ಸೇರಿಲ್ಲ.

ಇನ್ನು ಉಳಿದ ದಾರಿಗಳು. ಹೀಥ್ರೂ ಎಕ್ಸ್‌ಪ್ರೆಸ್ ಎಂಬ ರೈಲು ಹದಿನೈದು ನಿಮಿಷಗಳಲ್ಲಿ ಪ್ಯಾಡಿಂಗ್ಟನ್ ನಿಲ್ದಾಣ ತಲುಪಿಸುತ್ತದೆ. ಮುಂಗಡವಾಗಿ ಕಾಯ್ದಿರಿಸದೆ ಹೋದವರಿಗೆ ಆಗ ತಲಾ 25 ಪೌಂಡ್. ಎಲಿಜಬೆತ್ ಲೈನ್‌ನ ನೇರಳೆ ಬಣ್ಣದ ರೈಲು ನೇರವಾಗಿ ವೈಟ್‌ಚಾಪೆಲ್‌ಗೇ ಹೋಗುತ್ತದೆ. ಅದಕ್ಕೆ ಆಗ ತಲಾ 13 ಪೌಂಡಿನ ಆಸುಪಾಸು. ಇವೆರಡೂ ಒಂದೇ ನಿಲ್ದಾಣದಿಂದ ಹೊರಡುವುದರಿಂದ ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಹತ್ತಿ, ಕಾರ್ಡ್ ಮುಟ್ಟಿಸಿದಾಗ ಹೆಚ್ಚಿನ ದರ ತೆತ್ತವರು ಇದ್ದಾರೆ. ಮೂರನೆಯದು ಪಿಕಾಡಿಲಿ ಲೈನ್ ಎಂಬ ಹಳೆಯ ಸುರಂಗ ರೈಲು. ನಿಧಾನ, ಇಕ್ಕಟ್ಟು, ಆದರೆ ಆಗ ತಲಾ 5 ಪೌಂಡ್ 60 ಪೆನ್ಸ್ ಮಾತ್ರ. ತಡರಾತ್ರಿ ಇಳಿಯುವವರಿಗೆ ನಗರದ ಮಧ್ಯಭಾಗದವರೆಗೆ ಹೋಗುವ ಎನ್9 ಎಂಬ ಬಸ್ಸಿದೆ. ಆಗ ಅದರ ದರ 1 ಪೌಂಡ್ 75 ಪೆನ್ಸ್, ಎಲ್ಲಕ್ಕಿಂತ ಅಗ್ಗ.

ನಾವು ಪಿಕಾಡಿಲಿಯನ್ನೇ ಆರಿಸಿಕೊಂಡೆವು. ನಮ್ಮಿಬ್ಬರಲ್ಲಿ ಒಬ್ಬರಿಗೆ ಮಂಡಿ ನೋವಿದೆ, ಇನ್ನೊಬ್ಬರಿಗೆ ಹಟವಿದೆ. ಯಾರಿಗೆ ಯಾವುದೆಂದು ಹೇಳುವ ಅಗತ್ಯವಿಲ್ಲ. ಮಂಡಿ ನೋವಿನವರು "ಹಮ್ಮರ್‌ಸ್ಮಿತ್‌ನಲ್ಲಿ ಮೆಟ್ಟಿಲು ಇಲ್ಲವೆಂದು ಖಚಿತವೇ?" ಎಂದು ಎರಡು ಸಲ ಕೇಳಿದರು. ಹಟದವರು "ಖಚಿತ" ಎಂದರು. ನಮ್ಮ ಬೀದಿಯ ಕೊನೆಯ ಮನೆಯವರು ಹೇಳಿಕೊಟ್ಟ ಗುಟ್ಟು ಅದು. ಪಿಕಾಡಿಲಿ ರೈಲಿನಲ್ಲಿ ನಗರದ ಮಧ್ಯದವರೆಗೆ ಹೋಗಿ ಅಲ್ಲಿನ ಮೆಟ್ಟಿಲುಗಳ ಜಾಲದಲ್ಲಿ ಸಿಲುಕಬಾರದು. ಹಮ್ಮರ್‌ಸ್ಮಿತ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಯಲ್ಲಿ ಬರುವ ಡಿಸ್ಟ್ರಿಕ್ಟ್ ಲೈನ್‌ನ ರೈಲು ಹತ್ತಬೇಕು. ಅದು ವೈಟ್‌ಚಾಪೆಲ್‌ಗೆ ಹೋಗುತ್ತದೆ. ಹತ್ತು ಹೆಜ್ಜೆ, ಅಷ್ಟೆ. ದರವೂ ಹೆಚ್ಚಾಗುವುದಿಲ್ಲ.

ಅದೇ ಮನೆಯವರು ನಮಗೊಂದು ಆಯ್‌ಸ್ಟರ್ ಕಾರ್ಡನ್ನೂ ಕೊಟ್ಟಿದ್ದರು. ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಳಸುವ ನೀಲಿ ಕಾರ್ಡ್ ಅದು. ಹೊಸದಾಗಿ ಕೊಂಡರೆ ಕಾರ್ಡಿಗೇ 7 ಪೌಂಡ್ ಹೋಗುತ್ತಿತ್ತು. ಅವರು ಎರಡು ವರ್ಷಗಳ ಹಿಂದೆ ಮಗಳನ್ನು ನೋಡಲು ಹೋಗಿದ್ದಾಗ ತೆಗೆದುಕೊಂಡದ್ದು. ಒಂಬತ್ತು ಪೌಂಡ್ ಉಳಿದಿತ್ತು. ಅದರಲ್ಲಿನ ಹಣಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಕೊಡುವಾಗ ಹಣ ತೆಗೆದುಕೊಳ್ಳಲಿಲ್ಲ. "ದುಆ ಮಾಡಿ, ಸಾಕು" ಎಂದರು. ಒಬ್ಬರಿಗೆ ಆ ಕಾರ್ಡ್, ಇನ್ನೊಬ್ಬರಿಗೆ ನಮ್ಮ ಬ್ಯಾಂಕಿನ ಕಾರ್ಡ್. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು.

ಆದರೂ ಗೇಟಿನ ಬಳಿ ಎಡವಟ್ಟು ಮಾಡಿಕೊಂಡೆವು. ಎರಡು ಕಾರ್ಡ್‌ಗಳೂ ಇದ್ದ ಪರ್ಸನ್ನು ಹಾಗೆಯೇ ಯಂತ್ರಕ್ಕೆ ಮುಟ್ಟಿಸಿದಾಗ ಕೆಂಪು ದೀಪ ಹತ್ತಿತು. ಹಿಂದೆ ಜನ ಸೇರಿದರು. ಅಲ್ಲಿನ ಸಿಬ್ಬಂದಿಯೊಬ್ಬರು ಬಂದು, ಎರಡು ಕಾರ್ಡ್ ಒಟ್ಟಿಗಿದ್ದರೆ ಯಂತ್ರಕ್ಕೆ ಗೊಂದಲವಾಗುತ್ತದೆ, ಬೇರೆ ಬೇರೆಯಾಗಿ ಹಿಡಿಯಿರಿ ಎಂದು ನಗುತ್ತಾ ತೋರಿಸಿಕೊಟ್ಟರು. ಒಳಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಬರುವಾಗಲೂ ಮುಟ್ಟಿಸಬೇಕೆಂದು ಎಚ್ಚರಿಸಿದರು.

ರೈಲಿನಲ್ಲಿ ಆಸನ ಸಿಕ್ಕಿತು. ಸೂಟ್‌ಕೇಸ್‌ಗಳನ್ನು ಕಾಲಿನ ನಡುವೆ ಇಟ್ಟುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ಸುರಂಗ ಮುಗಿದು ಬೆಳಕು ಬಂತು. ಹೊಗೆಕೊಳವೆಗಳಿರುವ ಇಟ್ಟಿಗೆ ಮನೆಗಳು, ಹಿತ್ತಿಲಿನಲ್ಲಿ ಒಣಗದೇ ತೂಗುತ್ತಿದ್ದ ಬಟ್ಟೆಗಳು, ಎಲೆ ಉದುರಿದ ಮರಗಳು ಕಾಣಿಸಿದವು. ಟ್ಯಾಕ್ಸಿಯಲ್ಲಿ ಹೋಗಿದ್ದರೆ ಹೆದ್ದಾರಿ ಮಾತ್ರ ಕಾಣುತ್ತಿತ್ತೆಂದು ಹಟದವರು ಹೇಳಿದರು. ಇನ್ನೊಬ್ಬರು ಉತ್ತರ ಕೊಡಲಿಲ್ಲ. ಹಮ್ಮರ್‌ಸ್ಮಿತ್‌ನಲ್ಲಿ ಗುಟ್ಟು ನಿಜವಾಗಿತ್ತು. ಆದರೆ ಡಿಸ್ಟ್ರಿಕ್ಟ್ ರೈಲು ಕಿಕ್ಕಿರಿದು ಬಂತು. ಮಂಡಿ ನೋವಿನವರು ಕಂಬ ಹಿಡಿದು ನಿಂತದ್ದನ್ನು ಕಂಡು, ಬಣ್ಣ ಹಚ್ಚಿದ ಕೂದಲಿನ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಸೂಟ್‌ಕೇಸನ್ನೂ ತಾನೇ ಪಕ್ಕಕ್ಕೆ ಸರಿಸಿದಳು. ಅಷ್ಟರಲ್ಲಾಗಲೇ ಎರಡು ನಿಲ್ದಾಣ ದಾಟಿತ್ತು, ಕಾಲು ನಡುಗುತ್ತಿತ್ತು. ಮುಂದಿನ ಅರ್ಧ ಗಂಟೆ ನಾವು ಮಾತನಾಡಲಿಲ್ಲ.

ಖರ್ಚು ಮಾಡುವಾಗ ದುಂದುಗಾರಿಕೆಯನ್ನೂ ಮಾಡದ, ಜಿಪುಣತನವನ್ನೂ ತೋರದ ದಾಸರ ಬಗ್ಗೆ ಸೂರಃ ಅಲ್‌ಫುರ್ಕಾನ್‌ನಲ್ಲಿ ಪ್ರಸ್ತಾಪವಿದೆ. ದುಂದುಗಾರಿಕೆಯ ಕುರಿತು ನಾವು ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಎರಡನೆಯದರ ಬಗ್ಗೆ ನಮ್ಮನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಉಳಿತಾಯವೆಂದು ನಾವು ಕರೆಯುವುದರ ಭಾರವನ್ನು ಕೆಲವೊಮ್ಮೆ ಪಕ್ಕದಲ್ಲಿ ನಿಂತವರ ಮಂಡಿ ಹೊರುತ್ತದೆ.

ವೈಟ್‌ಚಾಪೆಲ್‌ನಲ್ಲಿ ಲಿಫ್ಟ್ ಇತ್ತು, ಅಲ್‌ಹಮ್ದುಲಿಲ್ಲಾಹ್. ನಿಲ್ದಾಣದ ಹೆಸರನ್ನು ಇಂಗ್ಲಿಷಿನ ಜೊತೆ ಬಂಗಾಳಿಯಲ್ಲೂ ಬರೆದಿದ್ದಾರೆ. ಹೊರಗೆ ಅಗಲವಾದ ಕಾಲುದಾರಿಯ ಮೇಲೆ ಸಂತೆ. ತರಕಾರಿಯವರು ಅಂಗಡಿ ಕಟ್ಟುತ್ತಿದ್ದರು. ಕತ್ತಲಾಗಿತ್ತು, ಸಣ್ಣಗೆ ಮಳೆ ಹನಿಯುತ್ತಿತ್ತು. ಹೋಟೆಲಿಗೆ ಹತ್ತು ನಿಮಿಷದ ನಡಿಗೆ ಎಂದಿದ್ದರು. ನಮಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಇಬ್ಬರಿಗೂ ಸೇರಿ ಖರ್ಚಾದದ್ದು 11 ಪೌಂಡ್ 20 ಪೆನ್ಸ್. ಮಗನ ಒಂದು ಗಂಟೆಯ ಕೂಲಿಗಿಂತ ತುಸು ಕಡಿಮೆ. ಆರು ಗಂಟೆಗಳನ್ನು ಅವನಿಗೆ ಉಳಿಸಿಕೊಟ್ಟೆವೆಂದು ನಾವು ಒಳಗೊಳಗೇ ಹಿಗ್ಗಿದೆವು. ಮಗ್ರಿಬ್ ಮತ್ತು ಇಶಾ ಒಟ್ಟಿಗೆ ನಿರ್ವಹಿಸಿ, ಮಂಡಿಗೆ ಎಣ್ಣೆ ತಿಕ್ಕಿ ಕಾದು ಕುಳಿತೆವು.

ಒಂಬತ್ತೂಕಾಲಿಗೆ ಮಗ ಬಂದನು. ಎರಡು ವರ್ಷಗಳ ನಂತರ ನೋಡುತ್ತಿದ್ದೆವು, ತೆಳ್ಳಗಾಗಿದ್ದನು. ಅಪ್ಪುಗೆ, ಅಳು, ಊರಿನ ಸಮಾಚಾರ ಎಲ್ಲ ಮುಗಿದ ಮೇಲೆ ಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟನು. "ಟ್ಯಾಕ್ಸಿಗೆ ಎಷ್ಟಾಯಿತು ಉಪ್ಪ?"

ಸುಳ್ಳು ಹೇಳುವಂತಿರಲಿಲ್ಲ. ಇದ್ದದ್ದನ್ನು ಹೇಳಿದೆವು, ಸ್ವಲ್ಪ ಹೆಮ್ಮೆಯಿಂದಲೇ. ಅವನು ಏನೂ ಹೇಳದೆ ಉಮ್ಮನ ಮಂಡಿಯ ಮೇಲಿದ್ದ ಎಣ್ಣೆಯ ಹೊಳಪನ್ನು ನೋಡುತ್ತಾ ಕುಳಿತನು. ಬಳಿಕ ತಗ್ಗಿದ ಸ್ವರದಲ್ಲಿ, "ಈ ಹಣಕ್ಕೆಂದೇ ಹೋದ ಶನಿವಾರ ಹೆಚ್ಚಿನ ಕೆಲಸ ಮಾಡಿದ್ದೆ. ನನ್ನ ದುಡ್ಡಿನಲ್ಲಿ ನೀವು ಟ್ಯಾಕ್ಸಿಯಿಂದ ಇಳಿಯುವುದನ್ನು ಯೋಚಿಸುತ್ತಾ ಇಡೀ ದಿನ ಪೆಟ್ಟಿಗೆ ಹೊತ್ತೆ" ಎಂದನು.

ಮಂಡಿಯ ಬಗ್ಗೆ ಆತ ಒಂದು ಮಾತೂ ಎತ್ತಲಿಲ್ಲ. ಲಕೋಟೆಯಲ್ಲಿ ಇಪ್ಪತ್ತು ಪೌಂಡಿನ ನಾಲ್ಕು ನೋಟುಗಳಿದ್ದವು. ಏಳು ಗಂಟೆಗಳನ್ನು ನಾವು ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದೆವು! ಅವನು ಆ ಏಳು ಗಂಟೆಗಳನ್ನು ಯಾರಿಗಾಗಿ ದುಡಿದನೆಂಬುದು ಮಾತ್ರ ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಮಕ್ಕಳು ಹೆತ್ತವರಿಗೆ ಒಳಿತು ಮಾಡಬೇಕೆಂದು ನಾವೇ ಅವನಿಗೆ ಚಿಕ್ಕಂದಿನಿಂದ ಕಲಿಸಿದ್ದೆವು. ಒಳಿತು ಮಾಡಲು ಅವನು ಕೈ ಚಾಚಿದಾಗ ಆ ಕೈಯನ್ನು ಬದಿಗೆ ಸರಿಸಿದವರೂ ನಾವೇ.

ಸಮಾರಂಭದ ದಿನಗಳು ಬಹಳ ಬೇಗ ಕಳೆದವು. ಕಪ್ಪು ನಿಲುವಂಗಿಯಲ್ಲಿ ಅವನನ್ನು ಕಂಡದ್ದು, ಈಸ್ಟ್ ಲಂಡನ್ ಮಸೀದಿಯಲ್ಲಿ ಅವನ ಪಕ್ಕ ನಿಂತು ಜುಮಾ ನಮಾಝ್ ಮಾಡಿದ್ದು, ಇವನ್ನೆಲ್ಲ ಇನ್ನೊಮ್ಮೆ ಬರೆಯುತ್ತೇವೆ, ಇನ್ಶಾ ಅಲ್ಲಾಹ್.

ಹಿಂದಿರುಗುವ ದಿನ ಮಗನು ರಜೆ ಹಾಕಿ ಬಂದನು. ಟ್ಯಾಕ್ಸಿ ಬೇಡ, ಪಿಕಾಡಿಲಿಯೂ ಬೇಡ, ಎಲಿಜಬೆತ್ ಲೈನ್‌ನಲ್ಲಿ ಹೋಗೋಣ ಎಂದು ಅವನೇ ತೀರ್ಮಾನಿಸಿದನು. ವೈಟ್‌ಚಾಪೆಲ್‌ನಲ್ಲಿ ಹತ್ತಿದರೆ ರೈಲು ಬದಲಿಸದೆ ಹೀಥ್ರೂ, ಮುಕ್ಕಾಲು ಗಂಟೆಯ ಹಾದಿ, ಪ್ಲಾಟ್‌ಫಾರ್ಮಿನವರೆಗೆ ಲಿಫ್ಟ್. ಮೂವರ ದರವನ್ನೂ ಅವನೇ ತೆತ್ತನು. ಎಷ್ಟಾಯಿತೆಂದು ನಾವು ಕೇಳಲಿಲ್ಲ. ಹಟದವರು ಬಾಯಿಯವರೆಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡದ್ದು ಮಂಡಿ ನೋವಿನವರಿಗೆ ಮಾತ್ರ ಗೊತ್ತಾಯಿತು.

ಭದ್ರತಾ ತಪಾಸಣೆಯ ಬಾಗಿಲಲ್ಲಿ ಬೀಳ್ಕೊಡುವಾಗ ಅವನು ಆ ನೀಲಿ ಕಾರ್ಡನ್ನು ನಮ್ಮ ಕೈಗೆ ಹಿಂದಿರುಗಿಸಿದನು. ಅದಕ್ಕೆ ಇಪ್ಪತ್ತು ಪೌಂಡ್ ತುಂಬಿಸಿದ್ದನು. ಊರಿಗೆ ಬಂದು ಬೀದಿಯ ಕೊನೆಯ ಮನೆಗೆ ಅದನ್ನು ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಮಸೀದಿಯ ಹಿಂಬದಿಯ ಮನೆಯ ಹುಡುಗಿಗೆ ಲಂಡನ್ನಿನಲ್ಲಿ ಓದಲು ಸೀಟು ಸಿಕ್ಕಿದೆ, ಅವಳ ಜೊತೆ ತಂದೆಯೂ ಹೋಗುತ್ತಾರೆ, ಅವರಿಗೆ ಕೊಡಿ ಎಂದರು. ಕೊಟ್ಟೆವು. ಹಮ್ಮರ್‌ಸ್ಮಿತ್‌ನ ಗುಟ್ಟನ್ನೂ ಹೇಳಿದೆವು. ಅವರ ಮಂಡಿ ಹೇಗಿದೆ ಎಂದು ಮೊದಲು ವಿಚಾರಿಸಿಕೊಂಡು.